ಎಸ್ಟೀಮ್ ಕಾರಿನ ಡ್ಯಾಶ್ ಮುಟ್ಟದೇ ಸೌಂಡ್ ಸರಿ ಮಾಡಿದ್ದು: ನನ್ನ ಅನುಭವ

ನಮ್ದು ಕೆಎ-17 ಎಸ್ಟೀಮ್, 2000ದ ಮಾಡೆಲ್, ಅಪ್ಪಾಜಿ ಹೊಸದಾಗೇ ತಗೊಂಡಿದ್ದು. ಮಾರುತಿಯವ್ರು ಈ ಕಾರನ್ನ 1994ರಲ್ಲಿ ತಂದು 2007ರ ಹೊತ್ತಿಗೆ ನಿಲ್ಲಿಸಿಬಿಟ್ರು, ಹಂಗಾಗಿ ಈಗ ಒಳಗಿನ ಒಂದು ಪ್ಲಾಸ್ಟಿಕ್ ಪೀಸ್ ಮುರಿದ್ರೂ ಗುಜರಿಲೇ ಹುಡುಕ್ಬೇಕು. ಅದಕ್ಕೇ ಸ್ಟೀರಿಯೋ ಕೆಲಸಕ್ಕೆ ಕೈ ಹಾಕೋ ಮುಂಚೆನೇ ನಾನು ಒಂದು ತೀರ್ಮಾನ ಮಾಡ್ಕೊಂಡಿದ್ದೆ, ಕಣ್ಣಿಗೆ ಕಾಣೋ ಯಾವುದನ್ನೂ ಕಟ್ ಮಾಡಲ್ಲ, ತೂತು ಹೊಡಿಯಲ್ಲ, ಶೋರೂಮ್‌ನಲ್ಲಿ ಹಾಕಿಸ್ಕೊಂಡು ಬಂದ ಕ್ಯಾಸೆಟ್ ಡೆಕ್ ಅಲ್ಲೇ ಇರ್ಬೇಕು, ರಾತ್ರಿ ಅದರ ಹಸಿರು ಲೈಟ್ ಹಂಗೇ ಉರೀಬೇಕು, ಆದ್ರೆ ಫೋನಿಂದ ಹಾಡು ಬರ್ಬೇಕು, ಚೆನ್ನಾಗೂ ಕೇಳ್ಬೇಕು.

ದಾವಣಗೆರೆಲಿ ವಿಚಾರಿಸಿದ ಕಡೆ ಎಲ್ಲಾ ಒಂದೇ ಮಾತು. "ಸಾರ್, ಆಂಡ್ರಾಯ್ಡ್ ಸ್ಕ್ರೀನ್ ಹಾಕ್ಸಿಬಿಡ್ರಿ, ಡ್ಯಾಶ್ ಸ್ವಲ್ಪ ಕಟ್ ಮಾಡಿದ್ರಾಯ್ತು, ಸಂಜೆಗೆ ಗಾಡಿ ಕೊಡ್ತೀವಿ." ಅವ್ರ ದೃಷ್ಟಿಲಿ ಅದು ಸುಲಭದ ದಾರಿ. ಆದ್ರೆ ಈ ಕಾರಲ್ಲಿರೋದು ಸಿಂಗಲ್ ಡಿನ್ ಜಾಗ, ಅಂದ್ರೆ ಸುಮಾರು 18 ಸೆಂಟಿಮೀಟರ್ ಅಗಲ 5 ಸೆಂಟಿಮೀಟರ್ ಎತ್ತರ, ಅದರಲ್ಲಿ ದೊಡ್ಡ ಸ್ಕ್ರೀನ್ ಕೂರಿಸ್ಬೇಕು ಅಂದ್ರೆ ಡ್ಯಾಶ್ ಕೊಯ್ಯಲೇಬೇಕು, ಒಂದ್ಸಲ ಕೊಯ್ದ್ರೆ ಮುಗೀತು, ವಾಪಸ್ ಬರಲ್ಲ. ನಾನು ಬೇಡ ಅಂದೆ. ನನ್ ಅನಿಸಿಕೆ ಏನಂದ್ರೆ ಹಳೇ ಕಾರಲ್ಲಿ ಸೌಂಡ್ ಕೆಟ್ಟದಾಗಿರೋಕೆ ಡೆಕ್ ಕೊನೇ ಕಾರಣ, ಮೊದಲ ಕಾರಣ ಬಾಗಿಲು. ಇದು ಕೆಲಸ ಮುಗಿದ ಮೇಲೆ ಇನ್ನೂ ಗಟ್ಟಿಯಾಯ್ತು, ಹಂಗಾಗಿ ಬಾಗಿಲಿಂದಾನೇ ಶುರು ಮಾಡ್ತೀನಿ.

ಸ್ಪೀಕರ್ ಕೋನ್ ಮುಂದಕ್ಕೆ ತಳ್ಳಿದಾಗ ಹಿಂದಗಡೆ ಗಾಳಿ ಉಲ್ಟಾ ದಿಕ್ಕಲ್ಲಿ ಎಳ್ಕೊಳ್ಳುತ್ತೆ. ಮುಂದಿನ ಸೌಂಡು ಹಿಂದಿನ ಸೌಂಡು ಒಂದಕ್ಕೊಂದು ಸಿಕ್ಕಿದ್ರೆ ಬೇಸ್ ಅಲ್ಲೇ ಕ್ಯಾನ್ಸಲ್ ಆಗುತ್ತೆ. ಬಾಗಿಲ ಒಳಗಿನ ತಗಡಲ್ಲಿ ದೊಡ್ಡ ದೊಡ್ಡ ತೂತು ಇರ್ತಾವೆ, ಕಿಟಕಿ ಗ್ಲಾಸ್ ಏರಿಸೋ ಮೆಕ್ಯಾನಿಸಂ ಕೂರ್ಸೋಕೆ ಕಂಪ್ನಿಯವ್ರೇ ಬಿಟ್ಟಿರೋದು, ಅದ್ರ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಅಷ್ಟೇ. ಅಂಥ ಬಾಗಿಲಿಗೆ ಎಷ್ಟು ದುಬಾರಿ ಸ್ಪೀಕರ್ ಹಾಕಿದ್ರೂ ತಬಲಾದಲ್ಲಿ ಬಲಗೈ ಕೇಳುತ್ತೆ, ಡಗ್ಗಾ ಕೇಳಲ್ಲ. ಇದ್ರ ಜೊತೆ ಹೊರಗಿನ ತಗಡು ಬೇರೆ ಡಬ್ಬದ ಥರ ನಡುಗುತ್ತೆ.

ಇದಕ್ಕೆ ಮದ್ದು ಅಂದ್ರೆ ತಗಡಿಗೆ ಅಂಟೋ ಶೀಟ್ ಹಾಕಿ ನಡುಕ ನಿಲ್ಲಿಸಿ, ಒಳಗಿನ ತೂತು ಮುಚ್ಚೋದು. ಅದಕ್ಕೆ ಮೊದಲು ಬಾಗಿಲ ಪ್ಯಾಡ್, ಅಂದ್ರೆ ಒಳಗಡೆಯ ಹೊದಿಕೆ, ಬಿಚ್ಚಬೇಕು, ನಾನು ಆರಿಸ್ಕೊಂಡಿದ್ದು ಬಿಸಿಲು ಹೊತ್ತು. ಇಪ್ಪತ್ತು ವರ್ಷ ದಾಟಿದ ಪ್ಲಾಸ್ಟಿಕ್ ಕ್ಲಿಪ್ಪು ತಣ್ಣಗಿದ್ರೆ ಪಟ್ ಅಂತ ಮುರೀತಾವೆ, ಗಾಡಿ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಸಿ ಆಮೇಲೆ ಬಿಚ್ಚಿದ್ರೆ ಮೆತ್ತಗಾಗಿ ಬಿಟ್ಕೊಳ್ತಾವೆ, ನಮ್ಮೂರಲ್ಲಿ ಬಿಸಿಲಿಗೇನು ಬರ ಇಲ್ಲ. ಆದ್ರೂ ಮೊದಲೇ ಒಂದು ಪ್ಯಾಕೆಟ್ ಎಕ್ಸ್‌ಟ್ರಾ ಕ್ಲಿಪ್ ತಂದಿಟ್ಕೊಳ್ಳಿ. ಒಳಗೆ ನೋಡಿದ್ರೆ ಬಾಗಿಲ ತಳದಲ್ಲಿ ಧೂಳು, ಎರೆ ಮಣ್ಣು, ಭತ್ತದ ಹೊಟ್ಟು ಎಲ್ಲಾ ಸೇರಿ ಗಟ್ಟಿಯಾಗಿ ಕೂತಿತ್ತು, ಸುತ್ತ ಭದ್ರಾ ಚಾನೆಲ್ ಗದ್ದೆ, ರೈಸ್ ಮಿಲ್ಲು, ಅದೆಲ್ಲ ಹೆಂಗೆ ಒಳಗೆ ಹೋಗುತ್ತೋ ಹೋಗುತ್ತೆ. ತಳದಲ್ಲಿ ನೀರು ಹೊರಗೆ ಹೋಗೋಕೆ ಸಣ್ಣ ತೂತು ಅದಾವೆ, ಅವೆಲ್ಲ ಮುಚ್ಚಿಹೋಗಿದ್ವು. ಸೌಂಡ್ ವಿಷ್ಯ ಬಿಡ್ರಿ, ಇದನ್ನ ಕ್ಲೀನ್ ಮಾಡ್ದಿದ್ರೆ ಬಾಗಿಲೇ ತುಕ್ಕು ಹಿಡಿಯುತ್ತೆ. ಶೀಟ್ ಅಂಟಿಸುವಾಗಲೂ ಆ ತೂತುಗಳನ್ನ ಯಾವ ಕಾರಣಕ್ಕೂ ಮುಚ್ಚಬಾರದು.

ಶೀಟ್ ಅಂದ್ರೆ ಅಲ್ಯೂಮಿನಿಯಂ ಫಾಯಿಲ್ ಇರೋ ಬ್ಯುಟೈಲ್ ಅನ್ನೋ ಅಂಟು ರಬ್ಬರಿನ ಶೀಟ್, ನಾನು ಹಾಕಿದ್ದು 2 ಮಿಲಿಮೀಟರ್ ದಪ್ಪದ್ದು. ಮನೆ ತಾರಸಿಗೆ ಹಾಕೋ ಡಾಂಬರ್ ಶೀಟ್ ಅಗ್ಗಕ್ಕೆ ಸಿಗುತ್ತೆ ಅಂತ ಕೆಲವ್ರು ಅದನ್ನೇ ಹಾಕ್ತಾರೆ, ನಮ್ಮೂರ ಏಪ್ರಿಲ್ ಬಿಸಿಲಿಗೆ ಅದು ಕರಗಿ ಜಾರುತ್ತೆ, ಗಾಡಿ ತುಂಬ ಡಾಂಬರ್ ವಾಸ್ನೆ, ದಯವಿಟ್ಟು ಬೇಡ. ತಗಡನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಒಣಗಿದ ಮೇಲೆ ಶೀಟ್ ಇಟ್ಟು ರೋಲರಲ್ಲಿ ಗಟ್ಟಿಯಾಗಿ ಉಜ್ಜಬೇಕು. ಹೊರಗಿನ ತಗಡಿಗೆ ಪೂರ್ತಿ ಮುಚ್ಚೋ ಅಗತ್ಯ ಇಲ್ಲ, ನಡುವೆ ಕಾಲು ಭಾಗದಿಂದ ಅರ್ಧ ಭಾಗ ಹಾಕಿದ್ರೂ ನಡುಕ ನಿಲ್ಲುತ್ತೆ. ಒಳಗಿನ ತಗಡಿನ ತೂತುಗಳನ್ನ ಮಾತ್ರ ಪೂರ್ತಿ ಮುಚ್ಚಬೇಕು, ಲಾಕ್ ರಾಡು, ಗ್ಲಾಸ್ ರೆಗ್ಯುಲೇಟರ್ ಎಲ್ಲೂ ತಾಗ್ದಂಗೆ ನೋಡ್ಕೊಂಡು. ಮುಗಿಸಿ ಬಾಗಿಲು ಹಾಕಿದಾಗ ಬಂದ ಶಬ್ದಕ್ಕೇ ಅಪ್ಪಾಜಿ ಒಳಗಿಂದ ಬಂದು "ಯಾರ ಗಾಡಿ ಬಂತು?" ಅಂತ ಕೇಳಿದ್ರು.

ಮತ್ತೆ ಹಳೇ ಸ್ಪೀಕರನ್ನೇ ಹಾಕಿ ಕೇಳಿ ನೋಡ್ದೆ. ಅರ್ಧ ಕೆಲಸ ಅಲ್ಲಿಗೇ ಆಗಿತ್ತು. ಇದನ್ನ ಒತ್ತಿ ಹೇಳ್ತಾ ಇದೀನಿ ಯಾಕಂದ್ರೆ ಬಜೆಟ್ ಕಡಿಮೆ ಇರೋವ್ರು ಇಲ್ಲಿಗೇ ನಿಲ್ಲಿಸಿದ್ರೂ ನಷ್ಟ ಇಲ್ಲ.

ಸ್ಪೀಕರ್ ಆರಿಸೋದ್ರಲ್ಲಿ ನನ್ನ ಷರತ್ತಿಂದ ಒಂದು ತೊಡಕು ಬಂತು. ಕಾಂಪೊನೆಂಟ್ ಸೆಟ್ ತಗೊಂಡ್ರೆ ಟ್ವೀಟರ್, ಅಂದ್ರೆ ಸಣ್ಣ ಸ್ವರದ ಪುಟ್ಟ ಸ್ಪೀಕರ್, ಬೇರೆಯಾಗಿ ಬರುತ್ತೆ, ಅದನ್ನ ಕಿಟಕಿ ಮೂಲೆಲೋ ಡ್ಯಾಶ್ ಮೇಲೋ ಕೂರಿಸ್ಬೇಕು, ಅದು ಕಾಣುತ್ತೆ. ಹಂಗಾಗಿ ಟ್ವೀಟರ್ ಮಧ್ಯದಲ್ಲೇ ಕೂತಿರೋ ಆರೂವರೆ ಇಂಚಿನ ಕೋಆಕ್ಸಿಯಲ್ ಸ್ಪೀಕರ್ ತಗೊಂಡೆ, ಆ ಟ್ವೀಟರ್ ತಿರುಗಿಸೋಕೆ ಬರೋವಂಥದ್ದು. ಬಾಗಿಲ ಕೆಳಗಿರೋ ಸ್ಪೀಕರಿಂದ ಸಣ್ಣ ಸ್ವರ ಎಲ್ಲ ಮೊಣಕಾಲಿಗೆ ಹೋಗುತ್ತೆ, ಟ್ವೀಟರ್ ಮೇಲಕ್ಕೆ ತಿರುಗಿಸಿದ್ರೆ ಕಿವಿ ಕಡೆ ಬರುತ್ತೆ. ಆದ್ರೆ ಈ ಟ್ವೀಟರ್ ಮುಂದಕ್ಕೆ ಚಾಚ್ಕೊಂಡಿರುತ್ತೆ, ಹಳೇ ಗ್ರಿಲ್ಲಿಗೆ ತಾಗುತ್ತೆ. ಹಿಂದಕ್ಕೆ ಹಾಕೋಣ ಅಂದ್ರೆ ಮ್ಯಾಗ್ನೆಟ್ಟು ಗ್ಲಾಸಿಗೆ ಹೊಡಿಯುತ್ತೆ. ಗ್ಲಾಸ್ ಪೂರ್ತಿ ಕೆಳಗೆ ಇಳ್ಸಿ ಹಿಂದೆ ಎಷ್ಟು ಜಾಗ ಐತೆ, ಪ್ಯಾಡ್ ಒತ್ತಿ ಹಿಡ್ಕೊಂಡು ಮುಂದೆ ಎಷ್ಟು ಜಾಗ ಐತೆ ಎರಡೂ ಅಳತೆ ತಗೊಂಡು, ಆಮೇಲೇ ಸ್ಪೀಕರ್ ಡೆಪ್ತ್ ನೋಡಿ ಕೊಳ್ಳಬೇಕು.

ಸ್ಪೀಕರಿಗೂ ಬಾಗಿಲ ತಗಡಿಗೂ ನಡುವೆ ಹಾಕೋ ರಿಂಗಿಗೆ ಎಂಡಿಎಫ್, ಅಂದ್ರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ಬೇಡ, ಮಳೆ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತೆ, ಎಂಡಿಎಫ್ ಊದ್ಕೊಂಡು ಪುಡಿಯಾಗುತ್ತೆ. ಮಂಡಿಪೇಟೆಲಿ ತರಕಾರಿ ಹೆಚ್ಚೋ ದಪ್ಪ ಬಿಳಿ ಪ್ಲಾಸ್ಟಿಕ್ ಬೋರ್ಡ್ ತಂದು ಜಿಗ್ ಸಾದಲ್ಲಿ ರೌಂಡಾಗಿ ಕೊಯ್ಸಿದೆ, ಅದು ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್, ನೀರಿಗೆ ಏನೂ ಆಗಲ್ಲ, ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತೆ. ಬಾಗಿಲಲ್ಲಿ ಮೊದಲೇ ಇದ್ದ ಸ್ಕ್ರೂ ತೂತುಗಳನ್ನೇ ಬಳಸ್ದೆ. ಗ್ರಿಲ್ ಹಿಂದಿನ ಹಳೇ ಬಟ್ಟೆ ಧೂಳು ಕುಡಿದು ರಟ್ಟಿನಂಗಾಗಿತ್ತು, ಅದನ್ನ ತೆಗ್ದು ತೆಳು ಕಪ್ಪು ಸ್ಪೀಕರ್ ಬಟ್ಟೆ ಅಂಟಿಸ್ದೆ. ಹೊರಗಿಂದ ನೋಡಿದ್ರೆ 2000ದಲ್ಲಿ ಹೆಂಗಿತ್ತೋ ಹಂಗೇ ಐತೆ.

ಹಳೇ ವೈರಿಂಗಲ್ಲಿ ಯಾವ್ದು ಪ್ಲಸ್ ಯಾವ್ದು ಮೈನಸ್ ಅಂತ ನಂಬೋ ಹಂಗಿಲ್ಲ. ಡೆಕ್ ಕಡೆ ವೈರ್ ಬಿಚ್ಚಿ, ಒಂದೂವರೆ ವೋಲ್ಟಿನ ಸಣ್ಣ ಸೆಲ್ಲಿನ ಪ್ಲಸ್ಸನ್ನ ಪ್ಲಸ್ ಅಂದ್ಕೊಂಡಿರೋ ವೈರಿಗೆ, ಮೈನಸ್ಸನ್ನ ಇನ್ನೊಂದಕ್ಕೆ ಒಂದು ಕ್ಷಣ ಮುಟ್ಟಿಸಿದ್ರೆ ಕೋನ್ ಹೊರಗೆ ಬರ್ಬೇಕು, ಒಳಗೆ ಹೋದ್ರೆ ಉಲ್ಟಾ ಅಂತ ಅರ್ಥ. ಎರಡು ಬಾಗಿಲಲ್ಲಿ ಒಂದು ಉಲ್ಟಾ ಇದ್ರೆ ಬೇಸ್ ಮಾಯ ಆಗುತ್ತೆ, ಹಾಡೋವ್ರ ದನಿ ಮಧ್ಯದಲ್ಲಿ ನಿಲ್ಲಲ್ಲ.

ಈಗ ಡೆಕ್. ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದು. ಫೋನಿನ ವೈರ್ ಇರೋ ಕ್ಯಾಸೆಟ್ ಥರದ ಅಡಾಪ್ಟರ್ ಹಾಕ್ಬೋದು, ಆದ್ರೆ ಮೋಟರ್ ಗರಗರ ಬರುತ್ತೆ, ಮೇಲಿನ ಸ್ವರ ಮಂಕಾಗುತ್ತೆ. ಲೈಟರ್ ಸಾಕೆಟ್ಟಿಗೆ ಹಾಕೋ ಎಫ್ಎಂ ಟ್ರಾನ್ಸ್‌ಮಿಟರ್ ಅಂತೂ ಹೈವೇಲಿ ಚಿತ್ರದುರ್ಗದ ಕಡೆ ಹೋಗ್ತಾ ಇದ್ದಂಗೆ ಬೇರೆ ಸ್ಟೇಷನ್ ನುಗ್ಗಿ ಕೆಡುತ್ತೆ. ಸರಿಯಾದ ದಾರಿ ಅಂದ್ರೆ ಡೆಕ್ ಬಿಚ್ಚಿ ವಾಲ್ಯೂಮ್ ನಾಬ್ ಹತ್ರನೇ ಸಿಗ್ನಲ್ ಕೊಡೋದು. ನನ್ನ ಡೆಕ್ಕಲ್ಲಿ ನಾಬ್ ಹಿಂದೆ ನಿಜವಾದ ಪಾಟ್, ಅಂದ್ರೆ ತಿರುಗಿಸಿದಂಗೆ ಸಿಗ್ನಲ್ ಹೆಚ್ಚು ಕಮ್ಮಿ ಮಾಡೋ ರೆಸಿಸ್ಟರ್, ಐತೆ, ಲೆಫ್ಟ್ ರೈಟ್ ಎರಡಕ್ಕೂ ಮೂರು ಮೂರು ಕಾಲು, ಒಂದು ಸಿಗ್ನಲ್ ಬರೋದು, ಮಧ್ಯದ್ದು ಹೋಗೋದು, ಇನ್ನೊಂದು ಗ್ರೌಂಡು. ಸಿಗ್ನಲ್ ಬರೋ ಕಾಲಿನ ಟ್ರ್ಯಾಕ್, ಅಂದ್ರೆ ಬೋರ್ಡ್ ಮೇಲಿನ ತಾಮ್ರದ ಗೆರೆ, ಕಟ್ ಮಾಡಿ ಅಲ್ಲಿ ಎರಡು ಪೋಲಿನ ಸಣ್ಣ 12 ವೋಲ್ಟ್ ರಿಲೇ, ಅಂದ್ರೆ ಕರೆಂಟ್ ಕೊಟ್ರೆ ತಾನೇ ಬದಲಾಗೋ ಸ್ವಿಚ್, ಹಾಕ್ದೆ, ಲೆಫ್ಟ್ ರೈಟಿಗೆ ಒಂದೊಂದು ಪೋಲ್. ರಿಲೇ ಆಫ್ ಇದ್ರೆ ಟೇಪು ರೇಡಿಯೋ ಮೊದಲಿನಂಗೆ, ಆನ್ ಆದ್ರೆ ಬ್ಲೂಟೂತ್. ಬಟನ್ನಲ್ಲೇ ವಾಲ್ಯೂಮ್ ಇರೋ ಡೆಕ್ ಆದ್ರೆ ಪಾಟ್ ಬದಲು ಐಸಿ, ಅಂದ್ರೆ ಚಿಪ್ಪು, ಇರುತ್ತೆ, ಐಸಿ ನಂಬರ್ ನೋಡಿ ಅದ್ರ ಡೇಟಾಶೀಟಲ್ಲಿ, ಅಂದ್ರೆ ಕಂಪ್ನಿ ವಿವರ ಪತ್ರದಲ್ಲಿ, ಇನ್‌ಪುಟ್ ಕಾಲು ಹುಡುಕ್ಬೇಕು.

ರಿಲೇಗೆ ಸ್ವಿಚ್ ಎಲ್ಲಿಡೋದು? ಮುಖದ ಮೇಲೆ ಹೊಸ ಬಟನ್ ಬರಂಗಿಲ್ಲ. ಡೆಕ್ಕಲ್ಲಿ ಮೆಟಲ್ ಟೇಪ್ ಅಂತ ಒಂದು ಒತ್ತಿದ್ರೆ ಕೂತ್ಕೊಳ್ಳೋ ಬಟನ್ ಇತ್ತು, ಮೆಟಲ್ ಕ್ಯಾಸೆಟ್ ಹಾಕಿದಾಗ ಈಕ್ವಲೈಸೇಷನ್ ಬದಲಾಯಿಸೋಕೆ. ನಮ್ಮ ಮನೇಲಿ ಮೆಟಲ್ ಕ್ಯಾಸೆಟ್ ಯಾವತ್ತೂ ಇರ್ಲಿಲ್ಲ. ಅದ್ರ ವೈರ್ ಬಿಡಿಸಿ, ಟೇಪ್ ಮಾಮೂಲಿ ಮೋಡಲ್ಲೇ ಇರೋ ಹಂಗೆ ಮಾಡಿ, ಆ ಬಟನನ್ನ ರಿಲೇಗೆ ಕೊಟ್ಟೆ. ಈಗ ರೇಡಿಯೋ ಆನ್ ಮಾಡಿ ಆ ಬಟನ್ ಒತ್ತಿದ್ರೆ ಫೋನಿನ ಹಾಡು.

ಬ್ಲೂಟೂತ್ ಮಾಡ್ಯೂಲ್ ಡೆಕ್ಕಿನ ತಗಡು ಡಬ್ಬದೊಳಗೆ ಇಟ್ರೆ ಸಿಗ್ನಲ್ ಸಿಗಲ್ಲ, ಅದನ್ನ ಹೊರಗೆ, ಡ್ಯಾಶಿನ ಪ್ಲಾಸ್ಟಿಕ್ ಹಿಂದೆ ಇಡ್ಬೇಕು, ಆಡಿಯೋಗೆ ಶೀಲ್ಡೆಡ್ ವೈರ್. ಮಾಡ್ಯೂಲಿಂದ ಬರೋ ಲೆವೆಲ್ ಟೇಪಿಗಿಂತ ಜಾಸ್ತಿ, ಹಂಗೇ ಕೊಟ್ರೆ ಸ್ವಿಚ್ ಮಾಡಿದ ತಕ್ಷಣ ಕಿವಿಗೆ ಬಡಿಯುತ್ತೆ, ಅದಕ್ಕೆ ಒಂದೊಂದು ಚಾನೆಲ್ಲಿಗೂ 1 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಕೆ ರೆಸಿಸ್ಟರ್ ಸೀರೀಸಲ್ಲಿ, 4.7 ಕೆ ಗ್ರೌಂಡಿಗೆ, ಆಗ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಪವರ್ ಬಗ್ಗೆ ಒಂದು ಮುಖ್ಯ ವಿಷ್ಯ. 12 ವೋಲ್ಟನ್ನ 5ಕ್ಕೆ ಇಳಿಸೋ ಮಾಮೂಲಿ ಕನ್ವರ್ಟರ್ ಒಂದನ್ನೇ ಹಾಕಿದ್ರೆ, ಇಂಜಿನ್ ರೇಸ್ ಮಾಡಿದಂಗೆಲ್ಲಾ ಕುಂಯ್ ಅಂತ ಆಲ್ಟರ್ನೇಟರ್ ಶಬ್ದ ಏರುತ್ತೆ, ಬ್ಲೂಟೂತಿನ ಟಿಕ್ ಟಿಕ್ ಬೇರೆ. ಪವರಿನ ಗ್ರೌಂಡು ಆಡಿಯೋ ಗ್ರೌಂಡು ಸೇರಿ ಲೂಪ್ ಆಗೋದ್ರಿಂದ ಹಿಂಗಾಗುತ್ತೆ. ಆ ಕನ್ವರ್ಟರಿಂದ ಬರೋ 5 ವೋಲ್ಟಿಗೂ ಮಾಡ್ಯೂಲಿಗೂ ನಡುವೆ ಬಿ0505ಎಸ್ ಅನ್ನೋ ಐಸೊಲೇಟೆಡ್ ಕನ್ವರ್ಟರ್ ಹಾಕಿ, ಉಗುರಿನಷ್ಟು ಸಣ್ಣದು, ಗ್ರೌಂಡ್ ಎರಡೂ ಬೇರೆ ಆಗ್ತಾವೆ, ಶಬ್ದ ಹೋಗುತ್ತೆ.

ಡೆಕ್ ಬಿಚ್ಚಿದಾಗಲೇ ಟೇಪಿನ ರಬ್ಬರ್ ಬೆಲ್ಟ್ ಬದಲಾಯಿಸ್ದೆ, ಹೆಡ್ಡು ಪಿಂಚ್ ರೋಲರ್ ಕ್ಲೀನ್ ಮಾಡ್ದೆ, ಆರಿಹೋಗಿದ್ದ ಹಸಿರು ಬಲ್ಬಿಗೆ ಅದೇ ಥರದ ಸಣ್ಣ ಬಲ್ಬನ್ನೇ ಹಾಕಿ ಹಳೇ ಹಸಿರು ರಬ್ಬರ್ ಟೋಪಿ ತೊಡಿಸ್ದೆ. ಎಲ್ಇಡಿ ಹಾಕಿದ್ರೆ ಬಣ್ಣ ಬೇರೆ ಬರುತ್ತೆ, ಮೀಟರ್ ಲೈಟಿಗೆ ಹೊಂದಲ್ಲ. ಅಪ್ಪಾಜಿಯ ವಚನದ ಕ್ಯಾಸೆಟ್ಟು ಈಗ ಎಳೆಯದೇ ಓಡುತ್ತೆ, ಅವ್ರಿಗೆ ಇದೇ ದೊಡ್ಡ ವಿಷ್ಯ.

ಆಂಪ್ಲಿಫಯರ್ ಬೇಕಾ? ಡೆಕ್ಕಿನ ಡಬ್ಬಿ ಮೇಲೆ ಏನೇ ಬರೆದಿರ್ಲಿ, 14.4 ವೋಲ್ಟಲ್ಲಿ 4 ಓಮ್ ಸ್ಪೀಕರಿಗೆ ಒಳಗಿನ ಐಸಿ ಲೆಕ್ಕದ ಪ್ರಕಾರನೇ ಚಾನೆಲ್ಲಿಗೆ 26 ವ್ಯಾಟ್ ದಾಟಲ್ಲ, ಕ್ಲೀನಾಗಿ ಸಿಗೋದು ಅದಕ್ಕಿಂತ ಕಮ್ಮಿ. ಊರೊಳಗೆ ಸಾಕು. ಹೈವೇಲಿ ಕಿಟಕಿ ಇಳಿಸಿದ್ರೆ ಸಾಲಲ್ಲ. ಹಂಗಾಗಿ ಪುಸ್ತಕದಷ್ಟಿರೋ ಕ್ಲಾಸ್ ಡಿ ಅನ್ನೋ ಥರದ ಆಂಪ್ಲಿಫಯರ್ (ಆಂಪ್) ತಂದು ಪಕ್ಕದ ಸೀಟ್ ಕೆಳಗೆ ಕಾರ್ಪೆಟ್ ಅಡಿ ಪ್ಲೇಟಿಗೆ ಕೂರಿಸ್ದೆ. ಡೆಕ್ಕಿನ ಸ್ಪೀಕರ್ ವೈರನ್ನೇ ಆಂಪಿನ ಹೈ ಲೆವೆಲ್ ಇನ್‌ಪುಟ್ಟಿಗೆ, ಅಂದ್ರೆ ಸ್ಪೀಕರ್ ವೈರ್ ತಗೊಳ್ಳೋಕೇ ಇರೋ ಇನ್‌ಪುಟ್ಟಿಗೆ, ಕೊಟ್ರೆ ಸಾಕು, ಡೆಕ್ ಆನ್ ಆದಾಗ ಆ ವೈರಲ್ಲಿ ಬರೋ ಆರೇಳು ವೋಲ್ಟ್ ಡಿಸಿ ನೋಡಿ ಆಂಪ್ ತಾನೇ ಆನ್ ಆಗುತ್ತೆ. ಇಂಥ ಡೆಕ್ಕಲ್ಲಿ ಸ್ಪೀಕರ್ ಮೈನಸ್ಸನ್ನ ಕಾರಿನ ಬಾಡಿ ತಗಡಿಗೆ ಮುಟ್ಟಿಸಬಾರದು, ಐಸಿ ಸುಟ್ಟೋಗುತ್ತೆ. ಆಂಪಿನ ಪವರಿಗೆ ಬ್ಯಾಟರಿಯಿಂದ ನೇರ ವೈರ್, ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಫ್ಯೂಸು, ಇದ್ರಲ್ಲಿ ಮಾತ್ರ ಉದಾಸೀನ ಬೇಡ್ವೇ ಬೇಡ, ಬೆಂಕಿ ವಿಷ್ಯ ಇದು. ಇಂಜಿನ್ ಕಡೆಯಿಂದ ಒಳಗೆ ಬರೋಕೆ ಹಳೇ ರಬ್ಬರ್ ಗ್ರಾಮೆಟ್ ತೂತೇ ಸಾಕಾಯ್ತು. ಗ್ರೌಂಡಿಗೆ ಸೀಟ್ ಬೋಲ್ಟ್ ಹತ್ರ ಪೇಂಟ್ ಕೆರೆದು ಬರೀ ತಗಡಿಗೆ.

ಆಂಪಿನ ಗೇನ್, ಅಂದ್ರೆ ಬಂದ ಸಿಗ್ನಲನ್ನ ಎಷ್ಟು ದೊಡ್ಡದು ಮಾಡ್ಬೇಕು ಅನ್ನೋ ನಾಬ್, ಸರಿ ಇಡೋಕೆ ಸ್ಪೀಕರ್ ಬಿಚ್ಚಿ, ಫಿಲ್ಟರ್ ಆಫ್ ಮಾಡಿ, ಫೋನಲ್ಲಿ 100 ಹರ್ಟ್ಜ್ ಟೋನ್ ಹಾಕಿ, ಡೆಕ್ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಗೇನ್ ನಿಧಾನಕ್ಕೆ ಏರಿಸ್ತಾ ಆಂಪ್ ಔಟ್‌ಪುಟ್ಟಲ್ಲಿ ಮಲ್ಟಿಮೀಟರ್ ಎಸಿ ವೋಲ್ಟ್ ನೋಡ್ಬೇಕು. ನನ್ನ ಆಂಪ್ 45 ವ್ಯಾಟಿನದ್ದು, 45ನ್ನ 4 ಓಮಿಂದ ಗುಣಿಸಿ ವರ್ಗಮೂಲ ತಗೊಂಡ್ರೆ 13.4 ವೋಲ್ಟ್, ಅದಕ್ಕಿಂತ ಸ್ವಲ್ಪ ಕೆಳಗೇ ನಿಲ್ಲಿಸ್ದೆ. ಆಮೇಲೆ ಸ್ಪೀಕರ್ ಹಾಕಿ 80 ಹರ್ಟ್ಜಿಗೆ ಹೈ ಪಾಸ್ ಫಿಲ್ಟರ್, ಅಂದ್ರೆ ಅದಕ್ಕಿಂತ ಕೆಳಗಿನ ಬೇಸ್ ಸ್ಪೀಕರಿಗೆ ಹೋಗದಂಗೆ ತಡೆಯೋದು. ಡಿಕ್ಕಿಲಿ ಸಬ್ ವೂಫರ್ ಹಾಕ್ಲಿಲ್ಲ, ಮದುವೆ ಗಿದುವೆಗೆ ಹೋಗುವಾಗ ಡಿಕ್ಕಿ ಬೇಕು, ಬಾಗಿಲು ಸರಿಯಾದ ಮೇಲೆ ಅದ್ರ ಕೊರತೆ ನನಗೆ ಕಂಡೂ ಇಲ್ಲ.

ಹಿಂದಿನ ಎರಡು ಬಾಗಿಲಿಗೆ ಶೀಟ್ ಹಾಕೋದು ಇನ್ನೂ ಬಾಕಿ ಐತೆ, ಅಲ್ಲಿನ ಪ್ಯಾಡ್ ಕ್ಲಿಪ್ಪು ಮುಂದಿಂದಕ್ಕಿಂತ ಒಣಗಿ ಹೋಗಿದಾವೆ. ದಾವಣಗೆರೆ, ಹರಿಹರ ಕಡೆ ಯಾರತ್ರಾದ್ರೂ ಎಸ್ಟೀಮ್ ಹಿಂದಿನ ಬಾಗಿಲ ಒರಿಜಿನಲ್ ಕ್ಲಿಪ್ ಇದ್ರೆ ಹೇಳ್ರಿ, ನಾನೇ ಬಂದು ತಗೊಂಡು ಹೋಗ್ತೀನಿ.