ತೂಕ ಸರಿಯಿದ್ದರೂ ಶುಗರ್ ಬಂದದ್ದೇಕೆ: ನನ್ನ ಅನುಭವ

ಎತ್ತರ 170 ಸೆಂ.ಮೀ., ತೂಕ 66 ಕೆಜಿ. ನನ್ನನ್ನು ಯಾರೂ ದಪ್ಪ ಅನ್ನುತ್ತಿರಲಿಲ್ಲ. ಆದರೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.2 ಬಂತು. 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆಯೇ. ಡಾಕ್ಟರು ತೂಕದ ಬಗ್ಗೆ ಏನೂ ಹೇಳದೆ ಹೊಕ್ಕುಳ ಮಟ್ಟಕ್ಕೆ ಟೇಪು ಹಿಡಿದರು. 94 ಸೆಂ.ಮೀ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು.

ಒಳಗೆ ಆಗುವುದು ಇಷ್ಟು. ಊಟವಾದ ಮೇಲೆ ಇನ್ಸುಲಿನ್ ಏರುತ್ತದೆ. ಆಗ ಕೊಬ್ಬಿನ ಕೋಶಗಳು ರಕ್ತದಲ್ಲಿರುವ ಕೊಬ್ಬನ್ನೂ ಸ್ವಲ್ಪ ಸಕ್ಕರೆಯನ್ನೂ ಒಳಗೆಳೆದುಕೊಳ್ಳುತ್ತವೆ, ಇದ್ದ ಕೊಬ್ಬನ್ನು ಹೊರಗೆ ಬಿಡುವುದನ್ನು ನಿಲ್ಲಿಸುತ್ತವೆ. ಊಟ ಊಟದ ನಡುವೆ ಬಿಡುವು ಸಿಕ್ಕರೆ ಇನ್ಸುಲಿನ್ ಇಳಿದು ಆ ಕೊಬ್ಬು ಖರ್ಚಾಗುತ್ತದೆ. ಆದರೆ ಚರ್ಮದ ಕೆಳಗಿನ ಕೋಶಗಳಲ್ಲಿ ಹಿಡಿಸುವುದಕ್ಕೂ ಒಂದು ಮಿತಿ ಇದೆ. ಸಂಪು ತುಂಬಿದ ಮೇಲೂ ನೀರು ಬಿಟ್ಟರೆ ಅಂಗಳಕ್ಕೆ ಹರಿಯುತ್ತದೆ ಅಲ್ವಾ, ಹಾಗೆ ಮಿಕ್ಕ ಕೊಬ್ಬು ಲಿವರ್‌ಗೆ, ಕರುಳಿನ ಸುತ್ತಕ್ಕೆ, ಸ್ನಾಯುಗಳಿಗೆ ಸೇರುತ್ತದೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಕೇಳುವುದಿಲ್ಲ, ರಾತ್ರಿಯಿಡೀ ಸಕ್ಕರೆ ಬಿಡುತ್ತಲೇ ಇರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೂ ನನಗೆ 112, 115 ಬರುತ್ತಿದ್ದದ್ದು ಇದಕ್ಕೇ.

ಈ ಮಿತಿ ಒಬ್ಬೊಬ್ಬರಿಗೆ ಒಂದೊಂದು ಥರ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮದೇ ಫೋಟೋ ಪ್ರಕಟಿಸಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಕೂಡ 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ತೆಳ್ಳಗಿದ್ದೇವೆ ಅಂತ ನಿಶ್ಚಿಂತೆಯಾಗಿರುವವರು ದಯವಿಟ್ಟು ಒಮ್ಮೆ ಟೇಪು ಹಿಡಿದು ನೋಡಿ.

ನಾನು ಅನ್ನ ಪೂರ್ತಿ ಬಿಡಲಿಲ್ಲ. ಪಲ್ಯ ಅಥವಾ ಹೆಸರುಕಾಳು ಉಸಲಿ ಅರ್ಧ ತಟ್ಟೆ ಹಾಕಿಕೊಂಡು ಮೊದಲು ಅದನ್ನು ಮುಗಿಸಿ ಆಮೇಲೆ ಸ್ವಲ್ಪ ಅನ್ನ ಸಾರು. ರಾಗಿ ಮುದ್ದೆ ಎಷ್ಟು ತಿಂದರೂ ಏನೂ ಆಗುವುದಿಲ್ಲ ಅನ್ನುವ ಮಾತನ್ನು ನಂಬಬೇಡಿ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ, ತಿಳಿಸಾರು ಉಂಡು ಎರಡು ಗಂಟೆ ಬಿಟ್ಟು ಗ್ಲುಕೋಮೀಟರ್ ನೋಡಿದರೆ 171. ಅರ್ಧ ಮುದ್ದೆ, ಮೊಳಕೆ ಹುರುಳಿ ಸಾರು, ಸೊಪ್ಪಿನ ಪಲ್ಯ ತಿಂದು, ಕೈ ತೊಳೆದ ತಕ್ಷಣ 15 ನಿಮಿಷ ನಡೆದ ದಿನ 134. ನಡೆಯುವಾಗ ಸ್ನಾಯುಗಳು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತವೆ.

ಇನ್ನು ಸಂಜೆಯ ಹೊತ್ತು. ನಾಲ್ಕಕ್ಕೆ ಸಕ್ಕರೆ ಹಾಕಿದ ಕಾಫಿ, ಬಿಸ್ಕತ್ತು, ಆರಕ್ಕೆ ಚುರುಮುರಿ, ಒಂಬತ್ತೂವರೆಗೆ ಊಟ, ಹೀಗಿದ್ದರೆ ಇನ್ಸುಲಿನ್ ಇಳಿಯುವುದು ಯಾವಾಗ? ನಡುವಿನ ತಿನಿಸು ನಿಲ್ಲಿಸಿದೆ, ರಾತ್ರಿ ಊಟ ಏಳೂವರೆಗೆ ತಂದೆ. ಮನೆಯವರೆಲ್ಲ ಒಟ್ಟಿಗೆ ಉಣ್ಣುವ ರೂಢಿ ಇರುವುದರಿಂದ ಇದೇ ಎಲ್ಲಕ್ಕಿಂತ ಕಷ್ಟವಾಯಿತು.

ಕೆಲವು ತಿಂಗಳಲ್ಲಿ ತೂಕ ಇಳಿದದ್ದು ಬರೀ 4 ಕೆಜಿ, ಸೊಂಟ 87ಕ್ಕೆ ಬಂತು, ಎಚ್‌ಬಿಎ1ಸಿ 5.6. ಆದರೆ ತೂಕ ಇಳಿದರೆ ಕೊಬ್ಬಿನ ಕೋಶಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಅವು ಕುಗ್ಗುತ್ತವೆ ಅಷ್ಟೇ. ಕುಗ್ಗಿದ ಕೋಶಗಳಿಂದ ಹಸಿವು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನ್ ಕಡಿಮೆ ಬರುವುದರಿಂದ ಹಸಿವು ಜಾಸ್ತಿಯಾಗುತ್ತದೆ. ಅದಕ್ಕೇ ಊಟಕ್ಕೆ ಒಂದು ಬೇಯಿಸಿದ ಮೊಟ್ಟೆ, ಮಜ್ಜಿಗೆ ಸೇರಿಸಿಕೊಂಡಿದ್ದೇನೆ.

ಒಂದು ಮಾತು ಮರೆಯಬೇಡಿ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಅನ್ನ ಕಡಿಮೆ ಮಾಡಬಾರದು, ಶುಗರ್ ತೀರಾ ಕೆಳಗೆ ಬಿದ್ದುಬಿಡಬಹುದು. ನಮ್ಮ ಅಣ್ಣನಿಗೆ ಡಾಕ್ಟರು ಮೊದಲು ಡೋಸ್ ಇಳಿಸಿ, ಆಮೇಲೆ ಊಟ ಬದಲಿಸಲು ಹೇಳಿದರು.