ರಾ ಜ್ಯೂಸ್ ಪಂಪಿನ ಸ್ಲೀವಿಗೆ ಉಕ್ಕು ಹುಡುಕಿದ್ದು: ನನ್ನ ಅನುಭವ

ಕಳೆದ ಹಂಗಾಮು ಮುಗಿದ ವಾರವೇ ಒಂದು ಸಕ್ಕರೆ ಕಾರ್ಖಾನೆಯಿಂದ ಫೋನ್ ಬಂತು. ‘ಆ ಕಂದು ಬಣ್ಣದ ಸ್ಲೀವ್ ಇನ್ನೂ ಇಪ್ಪತ್ತನಾಲ್ಕು ಮಾಡಿಕೊಡಿರಿ, ದರದ ಮಾತು ಆಮೇಲೆ ಆಡೋಣ’ ಎಂದರು ಚೀಫ್ ಇಂಜಿನಿಯರ್ ಸಾಹೇಬರು. ಎರಡು ವರ್ಷದ ಹಿಂದೆ ‘ಕಂಪ್ಯೂಟರಿನಲ್ಲಿ ಹುಡುಕಿದ ಉಕ್ಕನ್ನು ನನ್ನ ಪಂಪಿಗೆ ಹಾಕಬೇಡಿ’ ಎಂದು ಗೇಟಿನಿಂದಲೇ ನನ್ನನ್ನು ತಿರುಗಿ ಕಳುಹಿಸಿದವರೂ ಅವರೇ. ಆ ಫೋನ್ ಬಂದ ದಿನವೇ ಇದನ್ನು ಬರೆಯಬೇಕೆಂದುಕೊಂಡೆ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನಂತೆ ಎರಡು ಮೂರು ಲೇಥ್ ಇಟ್ಟುಕೊಂಡು ದುಡಿಯುವವರು ಬಹಳ ಜನರಿದ್ದಾರೆ. ನಾನು ಕಳೆದುಕೊಂಡಷ್ಟು ದುಡ್ಡನ್ನು ಅವರೂ ಕಳೆದುಕೊಳ್ಳಬೇಕಾಗಿಲ್ಲ.

ಕೆಲಸ ಏನೆಂದು ಚುಟುಕಾಗಿ ಹೇಳಿಬಿಡುತ್ತೇನೆ. ಕಬ್ಬು ಹಿಂಡಿದ ಹಸಿ ರಸವನ್ನು, ಅಂದರೆ ರಾ ಜ್ಯೂಸನ್ನು, ತಳ್ಳುವ ಪಂಪು ಅದು. ಶಾಫ್ಟ್ ಸವೆಯದಂತೆ ಅದರ ಮೇಲೆ ತೊಡಿಸುವ ಕೊಳವೆಯೇ ಸ್ಲೀವ್; ರಸ ಸೋರದಂತೆ ಸುತ್ತಲೂ ತುಂಬಿದ ಗ್ಲ್ಯಾಂಡ್ ಪ್ಯಾಕಿಂಗಿನ ಕೆಳಗೆ ಅದು ತಿರುಗುತ್ತದೆ, ಒಳಬೋರು 65 ಮಿ.ಮೀ., ದಪ್ಪ ಒಂದು ಕಡೆಗೆ ಏಳೆಂಟು ಮಿ.ಮೀ. ರಸ ಹುಳಿ, ಪಿಎಚ್ ಐದರ ಆಸುಪಾಸು. ಅದರ ಜೊತೆಗೆ ಹೊಲದ ಮಣ್ಣು, ಮರಳು, ಬಗಾಸಿನ (ಕಬ್ಬಿನ ಸಿಪ್ಪೆಯ) ನುಣ್ಣನೆಯ ಪುಡಿ. ಅವೆಲ್ಲ ಪ್ಯಾಕಿಂಗಿನಲ್ಲಿ ಸಿಕ್ಕಿಕೊಂಡು ಸಾಣೆಕಲ್ಲಿನಂತೆ ಉಜ್ಜುತ್ತವೆ. 304 ಸ್ಟೇನ್‌ಲೆಸ್‌ನಲ್ಲಿ ಮಾಡಿದ ಸ್ಲೀವ್ ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಗಾಲಿಯ ಜಾಡಿನಂತೆ ಕೊರೆದುಹೋಗುತ್ತಿತ್ತು. ನುರಿಸುವ ಹಂಗಾಮಿನ ನಡುವೆ ಪಂಪು ಬಿಚ್ಚುವುದೆಂದರೆ ಏನು ಎಂದು ಆ ಕಡೆಯ ಫಿಟ್ಟರ್‌ಗಳನ್ನು ಕೇಳಬೇಕು. ರಾತ್ರಿ ಎರಡು ಗಂಟೆಗೆ ನನಗೆ ಬೈದುಕೊಂಡೇ ಅವರು ಬಿಚ್ಚುತ್ತಿದ್ದರು.

304 ಬಿಟ್ಟು ನಾನು ಮಾಡಿದ ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ಇಎನ್8 ಎಂಬ ಸಾದಾ ಕಾರ್ಬನ್ ಉಕ್ಕು ತೆಗೆದುಕೊಂಡು ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ತಿನಿಂದ ಮೇಲ್ಮೈ ಕಾಯಿಸಿ ಗಡಸು ಮಾಡುವುದು) ಮಾಡಿಸಿದೆ. ಗಡಸುತನ ಚೆನ್ನಾಗಿಯೇ ಬಂತು, ಆದರೆ ಹುಳಿ ರಸಕ್ಕೆ ಸಿಡುಬಿನ ಕಲೆಯಂತೆ ತೂತು ಬಿದ್ದು ಪ್ಯಾಕಿಂಗನ್ನೇ ಹರಿದುಹಾಕಿತು. ಆಮೇಲೆ 304 ಮೇಲೆ ಹಾರ್ಡ್ ಕ್ರೋಮ್ ಲೇಪನ ಮಾಡಿಸಿದೆ. ನಲವತ್ತು ದಿನ ಬಂತು, ಅನಂತರ ಕ್ರೋಮು ಹಕ್ಕಳೆ ಎದ್ದಿತು. 410 ಎಂಬ ಇನ್ನೊಂದು ಸ್ಟೇನ್‌ಲೆಸ್ ತೆಗೆದುಕೊಂಡು ನೀರಿಳಿಸಲು (ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿ ಗಡಸು ಮಾಡಲು) ಕೊಟ್ಟರೆ ಆರರಲ್ಲಿ ನಾಲ್ಕು ಅಂಡಾಕಾರವಾಗಿ ಬಂದವು, ಒಂದು ಸೀಳಿತು. ಈ ಮೂರು ಪ್ರಯತ್ನಕ್ಕೆ, ನೆನಪಿದ್ದಂತೆ, ನಲವತ್ತೈದು ಸಾವಿರದ ಹತ್ತಿರ ಹೋಗಿರಬೇಕು.

ಆಗ ಶುರುವಾಯಿತು ಹುಡುಕಾಟ. ನನ್ನ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಿದ್ದ. ‘ಮಾಮಾ, ಮ್ಯಾಟ್‌ವೆಬ್ ಎಂಬ ಜಾಲತಾಣ ನೋಡು, ಲಕ್ಷಕ್ಕಿಂತ ಹೆಚ್ಚು ವಸ್ತುಗಳ ಗುಣ ಅದರಲ್ಲಿವೆ, ಪುಕ್ಕಟೆ’ ಎಂದು ಹೆಸರು ನೋಂದಾಯಿಸಿಕೊಟ್ಟು ಹೋದ. ಮೊದಲ ರಾತ್ರಿಯೇ ನಾನು ‘ಇಎನ್8’ ಎಂದು ಟೈಪ್ ಮಾಡಿದೆ. ಯುರೋಪಿನ ಹೊಸ ಸ್ಟ್ಯಾಂಡರ್ಡ್‌ಗಳ ಹೆಸರೂ ‘ಇಎನ್’ ಎಂದೇ ಶುರುವಾಗುತ್ತದೆ. ಹೀಗಾಗಿ ನನಗೆ ಸಂಬಂಧವೇ ಇಲ್ಲದ ರಾಶಿ ಬಂದು ಬಿತ್ತು. ನಾವು ದಿನಾ ಬಾಯಲ್ಲಿ ಹೇಳುವ ಇಎನ್8, ಇಎನ್19, ಇಎನ್24 ಎಲ್ಲ ಬ್ರಿಟಿಷರ ಹಳೆಯ ಹೆಸರುಗಳು. ಆ ಡೇಟಾಬೇಸು ಅಮೆರಿಕದ್ದು. ಅದರೊಡನೆ ಅದರ ಭಾಷೆಯಲ್ಲೇ ಮಾತನಾಡಬೇಕು. ಇಎನ್8ಕ್ಕೆ 1040, ಇಎನ್19ಕ್ಕೆ 4140, ಇಎನ್24ಕ್ಕೆ 4340, ಇಎನ್31ಕ್ಕೆ 52100. ಇವು ತದ್ರೂಪು ಜೋಡಿಗಳಲ್ಲ, ಹತ್ತಿರದ ನೆಂಟರು. ನಮ್ಮ ಭಾರತೀಯ ಸ್ಟ್ಯಾಂಡರ್ಡ್‌ನ (ಐಎಸ್) ಹೆಸರು 40ಸಿ8 ಮುಂತಾದವನ್ನೂ ಸೇರಿಸಿ ಒಂದು ಪಟ್ಟಿ ಬರೆದು ಲೇಥಿನ ಪಕ್ಕದ ಗೋಡೆಗೆ ಅಂಟಿಸಿದೆ. ಅದು ಇವತ್ತಿಗೂ ಇದೆ. ಎಣ್ಣೆಗೆ ಕಪ್ಪಾಗಿದೆ, ಆದರೂ ಓದಬಹುದು.

ಎರಡನೆಯ ತಪ್ಪು ದೊಡ್ಡದು, ದುಡ್ಡಿನ ತಪ್ಪು. ಸ್ಲೀವಿನ ಕೆಲಸ ಪಕ್ಕಕ್ಕಿಟ್ಟು ಒಂದು ಕ್ಯಾರಿಯರ್‌ನ (ಸಾಗಣೆ ಯಂತ್ರದ) ಬುಶ್, ಅಂದರೆ ಶಾಫ್ಟ್ ಒಳಗೆ ತಿರುಗುವ ಕಂಚಿನ ಬಳೆ, ಮಾಡುತ್ತಿದ್ದೆ. ಡೇಟಾಬೇಸಿನಲ್ಲಿ ಕಂಚುಗಳನ್ನೆಲ್ಲ ಸಾಲಾಗಿ ಹಾಕಿ ಹೋಲಿಸಿದೆ. ನಾವು ಬಳಸುತ್ತಿದ್ದ ಸೀಸ ಬೆರೆತ ಬೇರಿಂಗ್ ಕಂಚು, ಅಂದರೆ ಸಿ93200, ಅದರ ಎಳೆಬಲ 240 ಮೆಗಾಪಾಸ್ಕಲ್ ಆಸುಪಾಸು, ಗಡಸುತನ 65 ಬ್ರಿನೆಲ್. ಅಲ್ಯೂಮಿನಿಯಂ ಕಂಚು ಸಿ95400 ನೋಡಿದರೆ ಎಳೆಬಲ ಅದರ ಎರಡು ಪಟ್ಟಿಗೂ ಹೆಚ್ಚು, ಗಡಸುತನ 170. ಬಲದ ಸಾಲುಗಳಲ್ಲೆಲ್ಲ ಅದೇ ಮುಂದು. ಎರಡನೆಯ ಯೋಚನೆ ಮಾಡದೆ ಎಂಟು ಬುಶ್ ಎರಕ ಹಾಕಿಸಿದೆ. ಮೂರನೆಯ ವಾರಕ್ಕೆ ಬುಶ್ ಹೊಸದರಂತೆಯೇ ಇತ್ತು, ಶಾಫ್ಟು ತಿಂದುಹೋಗಿತ್ತು. ಮೆತ್ತಗಿನ ಶಾಫ್ಟಿನ ಮೇಲೆ ಅಲ್ಯೂಮಿನಿಯಂ ಕಂಚು ಹಾಕಿದರೆ ಹೀಗೇ ಆಗುತ್ತದೆ. ಸೀಸದ ಕಂಚು ಮೆತ್ತಗಿದ್ದು ಮರಳಿನ ಕಣವನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ, ಶಾಫ್ಟನ್ನು ಉಳಿಸುತ್ತದೆ. ಆ ಗುಣಕ್ಕೆ ಕೋಷ್ಟಕದಲ್ಲಿ ಅಂಕಿಯೇ ಇಲ್ಲ. ಶಾಫ್ಟು, ಬುಶ್ಶು, ಜೋಡಣೆ ಎಲ್ಲ ಸೇರಿ ಮೂವತ್ತೆಂಟು ಸಾವಿರ ನನ್ನ ಜೇಬಿನಿಂದ ಕೊಟ್ಟೆ.

ಅಂದಿನಿಂದ ನನ್ನ ಪದ್ಧತಿ ತಿರುಗಿತು. ಯಾವುದು ಚೆನ್ನಾಗಿದೆ ಎಂದು ಹುಡುಕುವುದನ್ನು ಬಿಟ್ಟು ಯಾವುದು ಬೇಡ ಎಂದು ಹುಡುಕತೊಡಗಿದೆ. ಕಂಪ್ಯೂಟರ್ ತೆರೆಯುವ ಮೊದಲೇ ನೋಟುಬುಕ್ಕಿನಲ್ಲಿ ಬರೆದೆ: ಹುಳಿ ರಸದಲ್ಲಿ ಕನಿಷ್ಠ 304ರಷ್ಟು ತಡೆಯಬೇಕು. ಗಡಸುತನ 38 ರಾಕ್‌ವೆಲ್ ಸಿಗಿಂತ (ಇದು ಬ್ರಿನೆಲ್‌ಗಿಂತ ಬೇರೆ ಅಳತೆ) ಮೇಲೆ ಇರಬೇಕು. ನೀರಿಳಿಸುವ ಹೊಡೆತ ಬೇಡ, ತೆಳು ಸ್ಲೀವ್ ವಕ್ರವಾಗುತ್ತದೆ. ಕಿಲೋಗೆ ಏಳುನೂರು ರೂಪಾಯಿ ದಾಟಬಾರದು. ಇದರಲ್ಲಿ ಎರಡನ್ನು ಮಾತ್ರ ಡೇಟಾಬೇಸು ನೋಡಿಕೊಡುತ್ತದೆ, ಉಳಿದೆರಡು ನಮ್ಮ ಕೆಲಸ. ದರದ ಕಾಲಮ್ಮು ಅದರಲ್ಲಿ ಇಲ್ಲ. ಬೆಳಗಾವಿಯಲ್ಲಿ ಯಾವ ವ್ಯಾಸದ ಸರಳು ಸಿಗುತ್ತದೆ ಎಂಬುದಂತೂ ಇಲ್ಲವೇ ಇಲ್ಲ.

ಗುಣದ ಅಂಕಿಯ ಮಿತಿ ಹಾಕಿ ಹುಡುಕುವ ಸೌಲಭ್ಯವಿದೆಯಲ್ಲ, ಅದರಲ್ಲಿ ಸ್ಟೇನ್‌ಲೆಸ್ ಗುಂಪು ಆರಿಸಿ ಗಡಸುತನಕ್ಕೆ ಕೆಳಮಿತಿ ಹಾಕಿದೆ. ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ‘ಓವರ್‌ವ್ಯೂ’ ಎಂದು ಶುರುವಾಗುವ ಹಾಳೆಗಳು ಒಂದು ಉಕ್ಕಿನವಲ್ಲ, ಇಡೀ ಗುಂಪಿನ ಸರಾಸರಿ. ಅವನ್ನು ಮೊದಲೇ ಕಿತ್ತುಹಾಕಬೇಕು. ಮತ್ತೆ, ಒಂದೇ ಉಕ್ಕು ಹತ್ತಾರು ಹಾಳೆಗಳಲ್ಲಿ ಇರುತ್ತದೆ. ಅನೀಲ್ ಮಾಡಿದ್ದು (ಕಾಯಿಸಿ ನಿಧಾನವಾಗಿ ತಣಿಸಿ ಮೆತ್ತಗೆ ಮಾಡಿದ್ದು) ಒಂದು, ನೀರಿಳಿಸಿದ್ದು ಒಂದು, ಬೇರೆ ಬೇರೆ ಕಂಪನಿಯದು ಬೇರೆ ಬೇರೆ. ನಾನು ಮೊದಲ ಸಲ ಅನೀಲ್ ಮಾಡಿದ 410ನ್ನು ಹದ ಮಾಡಿದ ಇನ್ನೊಂದರ ಪಕ್ಕಕ್ಕಿಟ್ಟು ವಾರವಿಡೀ ತಪ್ಪು ತೀರ್ಮಾನದಲ್ಲಿದ್ದೆ. ಸ್ಥಿತಿ ಸಮವಾಗಿರುವ ಹಾಳೆಗಳನ್ನೇ ಪಕ್ಕಪಕ್ಕ ಇಡಬೇಕು. ಬ್ರಿನೆಲ್ ಅಂಕಿಯ ಮುಂದೆ ‘ರಾಕ್‌ವೆಲ್‌ನಿಂದ ಪರಿವರ್ತಿತ’ ಎಂಬ ಟಿಪ್ಪಣಿ ಇದ್ದರೆ ಅದನ್ನು ಅಳೆದ ಅಂಕಿ ಎಂದುಕೊಳ್ಳಬಾರದು. 304ರ 123 ಬ್ರಿನೆಲ್ ಅಂಥದ್ದೇ.

ಹೀಗೆ ಕಳೆಯುತ್ತ ಕಳೆಯುತ್ತ ಉಳಿದದ್ದು ನಾಲ್ಕು. ಅದರಲ್ಲಿ ನನ್ನ ಕಣ್ಣು ನಿಂತದ್ದು 17-4 ಪಿಎಚ್ ಎಂಬ ಸ್ಟೇನ್‌ಲೆಸ್ ಮೇಲೆ. ಈ ಪಿಎಚ್ ಹುಳಿಯ ಅಳತೆಯಲ್ಲ, ‘ಪ್ರೆಸಿಪಿಟೇಶನ್ ಹಾರ್ಡನಿಂಗ್’. 630 ಎಂದರೂ ಎಸ್17400 ಎಂದರೂ ಅದೇ. ಅದರಲ್ಲಿ ತಾಮ್ರ ಮೂರರಿಂದ ಐದು ಶೇಕಡಾ ಇದೆ. 482 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು ಗಾಳಿಯಲ್ಲಿ ಆರಿಸಿದರೆ ಆ ತಾಮ್ರವೇ ಒಳಗೆ ಸೂಕ್ಷ್ಮ ಕಣಗಳಾಗಿ ಕೂತು ಗಡಸು ಮಾಡುತ್ತದೆ. ಎಣ್ಣೆಯಲ್ಲಿ ಅದ್ದುವುದಿಲ್ಲ, ವಕ್ರವಾಗುವುದಿಲ್ಲ. 304ರ ಯೀಲ್ಡ್ (ಶಾಶ್ವತವಾಗಿ ಹಿಗ್ಗಲು ಶುರುವಾಗುವ ಬಲ) 215 ಮೆಗಾಪಾಸ್ಕಲ್ ಇದ್ದರೆ ಇದರದು ಸಾವಿರದ ಇನ್ನೂರರ ಆಸುಪಾಸು. ಗಡಸುತನ ರಾಕ್‌ವೆಲ್ ಸಿ 40ರ ಮೇಲೆ. ಇಂಥ ಉಕ್ಕು ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಕೋಷ್ಟಕವನ್ನು ನಂಬಿ ಕೈ ಸುಟ್ಟುಕೊಂಡಿದ್ದೆನಲ್ಲ, ಈ ಸಲ ಬಾಟಲಿ ಪರೀಕ್ಷೆ ಮಾಡಿದೆ. ಉಕ್ಕಿನ ಐದು ತುಂಡು, ಐದು ಗಾಜಿನ ಬಾಟಲಿ. ಖಾನಾಪುರ ರಸ್ತೆಯ ಕಬ್ಬಿನ ಹಾಲಿನ ಅಂಗಡಿಯಿಂದ ದಿನಾ ಒಂದು ಲೀಟರ್ ತಂದು ಬದಲಿಸುತ್ತಿದ್ದೆ. ಅಂಗಡಿಯವರು ‘ಇಷ್ಟೊಂದು ಯಾರು ಕುಡಿಯುತ್ತಾರಣ್ಣಾ’ ಎಂದು ಕೇಳುತ್ತಿದ್ದರು. ಇಪ್ಪತ್ತೆರಡು ದಿನ ಆದ ಮೇಲೆ ತೊಳೆದು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. ಇಎನ್8 ಕಣ್ಣಿಗೆ ಕಾಣುವಷ್ಟು ಸವೆದಿತ್ತು. 410ರ ಮೇಲೆ ತುಕ್ಕಿನ ಚುಕ್ಕೆಗಳಿದ್ದವು. ಗಡಸು ಮಾಡಿದ 420ರ ಕಥೆಯೂ ಅದೇ. 304 ಮತ್ತು 17-4 ಎರಡರಲ್ಲೂ ಆ ತಕ್ಕಡಿಗೆ ಸಿಗುವಂಥ ವ್ಯತ್ಯಾಸ ಇರಲಿಲ್ಲ.

ಇಷ್ಟಾದರೂ ಎಡವಿದೆ. ಮೊದಲ ಸರಳು ತಂದಾಗ ವ್ಯಾಪಾರಿ ಸರ್ಟಿಫಿಕೇಟ್ ಕೊಟ್ಟಿದ್ದರು. ಅಯಸ್ಕಾಂತ ಹಿಡಿಯಿತು, ಸರಿ ಎಂದುಕೊಂಡೆ. ಕೊರೆದು, ಕುಲುಮೆಯಲ್ಲಿಟ್ಟು ತೆಗೆದು ಗಡಸುತನ ನೋಡಿದರೆ ಒಂದು ಅಂಕವೂ ಏರಿಲ್ಲ. ಲೋಹದಲ್ಲಿ ಏನೇನು ಬೆರೆತಿದೆ ಎಂದು ಹೇಳುವ ಸ್ಪೆಕ್ಟ್ರೋ ಪರೀಕ್ಷೆ ಮಾಡಿಸಿದೆ. ಕ್ರೋಮಿಯಂ ಹದಿನಾರು ಇದೆ, ತಾಮ್ರ ಇಲ್ಲ. ನಿಕ್ಕಲ್ಲೂ ಎರಡು ಮುಟ್ಟಿಲ್ಲ. ಅದು 431 ಇರಬೇಕು. ಅದನ್ನೂ ಅಯಸ್ಕಾಂತ ಹಿಡಿಯುತ್ತದೆ, ಹೊಳಪೂ ಹಾಗೆಯೇ ಇರುತ್ತದೆ. ಇಪ್ಪತ್ತೆರಡು ಸಾವಿರದ ಮಾಲು ಅದು. ಈಗ ಸರಳು ಇಳಿಸಿಕೊಳ್ಳುವ ಮೊದಲೇ ತುದಿಯಿಂದ ಒಂದು ಬಿಲ್ಲೆ ಕತ್ತರಿಸಿ ಕುಲುಮೆಗೆ ಹಾಕುತ್ತೇನೆ. ಗಡಸು ಏರಿದರೆ ದುಡ್ಡು, ಇಲ್ಲವಾದರೆ ವಾಪಸು. ಕೆಲವು ವ್ಯಾಪಾರಿಗಳು ನನ್ನ ಜೊತೆ ವ್ಯವಹಾರವನ್ನೇ ನಿಲ್ಲಿಸಿದರು. ನಿಲ್ಲಿಸಲಿ.

ಎರಡನೆಯ ಎಡವು ನನ್ನದೇ. ನಿಜವಾದ 17-4 ಸಿಕ್ಕಿತು, ಬೋರನ್ನು ಡ್ರಾಯಿಂಗಿನಂತೆ 65ಕ್ಕೆ ಸೊಗಸಾಗಿ ಮುಗಿಸಿದೆ, ಆಮೇಲೆ ಕುಲುಮೆಗೆ ಇಟ್ಟೆ. ಈ ಉಕ್ಕು ಹದವಾಗುವಾಗ ನೂರಕ್ಕೆ 0.04ರಿಂದ 0.06ರಷ್ಟು ಕುಗ್ಗುತ್ತದೆ. 65 ಮಿ.ಮೀ.ಗೆ ಅದು 0.03 ಮಿ.ಮೀ. ಆಸುಪಾಸು. ಶಾಫ್ಟಿನ ಮೇಲೆ ಜಾರಿ ಕೂರಬೇಕಾದ ಸ್ಲೀವಿಗೆ ಇರುವ ಸಡಿಲವೇ ಅಷ್ಟು. ಫಿಟ್ಟರ್ ಕಾಕಾ ಸುತ್ತಿಗೆ ಹಾಕಿದರು, ಅರ್ಧಕ್ಕೆ ಸಿಕ್ಕಿಕೊಂಡಿತು, ಕೊನೆಗೆ ಗ್ರೈಂಡರಿನಿಂದ ಸೀಳಿ ತೆಗೆಯಬೇಕಾಯಿತು. ಉಕ್ಕು ತಯಾರಿಸುವವರ ಹಾಳೆಯ ಟಿಪ್ಪಣಿಯಲ್ಲಿ ಈ ಕುಗ್ಗುವಿಕೆ ಸ್ಪಷ್ಟವಾಗಿ ಬರೆದಿರುತ್ತದೆ. ನಾನು ಅಂಕಿಯ ಸಾಲು ಮಾತ್ರ ಓದಿದ್ದೆ. ಈಗ ಬೋರಿನಲ್ಲಿ ಎಷ್ಟು ಬಿಡುತ್ತೇನೆ, ಕುಲುಮೆಯನ್ನು 482ಕ್ಕೇ ಇಡುತ್ತೇನೋ ಬೇರೆ ಎಲ್ಲಿಯಾದರೂ ಇಡುತ್ತೇನೋ ಎಂಬುದನ್ನು ಬರೆಯುವುದಿಲ್ಲ. ಅದು ನನ್ನ ಅನ್ನ. ಮುಗಿಸುವ ಕೊನೆಯ ಪಾಲಿಶಿನ ಬಗೆಯೂ ಹಾಗೆಯೇ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ, ಹೇಳದೆ ಇರಲಾರೆ. ಮಹಾಲಿಂಗಪುರದ ಕಡೆ ನಮ್ಮ ಬೀಗರ ಗಾಣದ ಮನೆ ಇದೆ. ಬೆಲ್ಲದ ಕೊಪ್ಪರಿಗೆಯ ತಳವನ್ನು ಸ್ಟೇನ್‌ಲೆಸ್‌ಗೆ ಬದಲಿಸೋಣವೇ ಎಂದು ಕೇಳಿದರು. ಶಾಖ ಹರಿಯುವ ಗುಣವನ್ನು ಹೋಲಿಸಿ ನೋಡಿದೆ. ಸಾದಾ ಉಕ್ಕು ಐವತ್ತರ ಸುಮಾರು, 304 ಹದಿನಾರು, ತಾಮ್ರ ಮುನ್ನೂರ ತೊಂಬತ್ತರ ಮೇಲೆ. ಬೆಂಕಿ ಒಂದೇ ಕಡೆ ನೆಕ್ಕುವ ಒಲೆಯಲ್ಲಿ ಸ್ಟೇನ್‌ಲೆಸ್ ತಳದ ಶಾಖ ಅಕ್ಕಪಕ್ಕಕ್ಕೆ ಹರಡುವುದಿಲ್ಲ, ಪಾಕ ಅಲ್ಲೇ ಹೊತ್ತುತ್ತದೆ ಎಂದು ಹೇಳಿದೆ. ಅವರು ಕೇಳಲಿಲ್ಲ, ಮಾಡಿಸಿದರು, ಎರಡು ಸಲ ಕಾಯಿಸಿ ಕರಿ ಬೆಲ್ಲ ತೆಗೆದರು. ಆಮೇಲೆ ಒಲೆಯ ಬಾಯಿಯ ಇಟ್ಟಿಗೆ ಬದಲಿಸಿ ಜ್ವಾಲೆ ಹರಡುವಂತೆ ಮಾಡಿದೆವು. ಈಗ ಬೆಲ್ಲದ ಬಣ್ಣ ಚೆನ್ನಾಗಿದೆ, ಕೊಪ್ಪರಿಗೆ ತೊಳೆಯುವುದೂ ಸುಲಭ ಎನ್ನುತ್ತಾರೆ.

ಸ್ಲೀವಿಗೆ ಮರಳುತ್ತೇನೆ. 304ರ ಸ್ಲೀವನ್ನು ನಾನು ಸಾವಿರದ ಎಂಟುನೂರಕ್ಕೆ ಕೊಡುತ್ತಿದ್ದೆ. ಇದಕ್ಕೆ ನಾಲ್ಕು ಸಾವಿರದ ಆರುನೂರು ಎಂದಾಗ ಯಾರೂ ಮುಟ್ಟಲಿಲ್ಲ. ಮೇಲಾಗಿ ಕುಲುಮೆಯಿಂದ ಬಂದ ಸ್ಲೀವ್ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒಬ್ಬ ಸ್ಟೋರ್ ಕೀಪರ್ ‘ಸುಟ್ಟ ಮಾಲು’ ಎಂದು ಬರೆದು ತಿರಸ್ಕರಿಸಿದ್ದರು. ಆ ಬಣ್ಣವನ್ನು ಉಜ್ಜಿ ತೆಗೆಯುವುದು ಎರಡು ನಿಮಿಷದ ಕೆಲಸ, ಆದರೆ ಹೊರಮೈಯ ಅಂಚಿನಲ್ಲಿ ಬೇಕೆಂದೇ ಬಿಡುತ್ತೇನೆ. ಹದ ಮಾಡಿದ್ದಕ್ಕೆ ಅದೇ ಗುರುತು. ಕೊನೆಗೆ ಎರಡು ಸ್ಲೀವ್‌ಗಳನ್ನು ಬಾಯ್ಲರ್ ಪ್ರದೀಪನದ ಹಿಂದಿನ ವಾರ ಪುಕ್ಕಟೆಯಾಗಿ ಕೊಟ್ಟು ‘ಹಂಗಾಮು ಮುಗಿದ ಮೇಲೆ ದುಡ್ಡು ಕೊಡಿ, ನಡುವೆ ಸವೆದರೆ ಕೊಡಲೇಬೇಡಿ’ ಎಂದೆ. ಆ ಪಂಪು ನೂರಹತ್ತು ದಿನಕ್ಕೂ ಹೆಚ್ಚು ಓಡಿತು. ಬಿಚ್ಚಿ ಅಳೆದಾಗ ವ್ಯಾಸದಲ್ಲಿ 0.3 ಮಿ.ಮೀ. ಸವೆದಿತ್ತು. 304 ಆದರೆ ತಿಂಗಳೊಳಗೆ ಒಂದೂವರೆ ಮಿ.ಮೀ. ಹೋಗುತ್ತಿತ್ತು. ಪ್ಯಾಕಿಂಗಿನ ಖರ್ಚೂ ಅರ್ಧಕ್ಕಿಳಿಯಿತು ಎಂದು ಫಿಟ್ಟರ್ ಕಾಕಾ ಹೇಳಿದರು. ಸಾಹೇಬರು ಆಗಲೂ ಒಪ್ಪಲಿಲ್ಲ, ‘ಇನ್ನೊಂದು ಹಂಗಾಮು ನೋಡೋಣ’ ಎಂದರು. ನೋಡಿದರು.

ಈ ವರ್ಷ ಅಂಥವು ಅರವತ್ತರ ಹತ್ತಿರ ಹೋಗಿವೆ. ಸದ್ಯ ನೋಟುಬುಕ್ಕಿನ ಹೊಸ ಪುಟದಲ್ಲಿ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ರಸ ತಳ್ಳುವ ಚಕ್ರ) ಎಂದು ಬರೆದಿದ್ದೇನೆ, ಕೆಳಗೆ ಬೇಡದ ವಸ್ತುಗಳ ಹೆಸರು ಹನ್ನೊಂದಾಗಿವೆ.