ಬೆಳ್ಳಿಯ ಮೂತ್ರಕೋಶದ ಕಲ್ಲು, ಅಡುಗೆಮನೆಯ ತಿಂಡಿ ಡಬ್ಬಿ

ಬೆಳ್ಳಿ ನಮ್ಮ ಮನೆ ನಾಯಿ. ತಾಯಿ ಪಾಮೇರಿಯನ್, ತಂದೆ ಯಾವುದೋ ಬೀದಿ ನಾಯಿ. ತೂಕ 12 ಕೆ.ಜಿ. ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ದೇವೆ. ಕಳೆದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಅಂಗಳದಲ್ಲಿ ಉಚ್ಚೆಗೆ ಕೂತಳು, ಎದ್ದಳು, ನಾಲ್ಕು ಹೆಜ್ಜೆ ಹೋಗಿ ಮತ್ತೆ ಕೂತಳು. ಹೀಗೇ ಆರು ಸಲ. ಕೊನೆಗೆ ಸಿಮೆಂಟ್ ನೆಲದ ಮೇಲೆ ನಾಲ್ಕೈದು ಹನಿ ಬಿತ್ತು. ಬಣ್ಣ ತಿಳಿ ಗುಲಾಬಿ. ಬಗ್ಗಿ ನೋಡಿದೆ, ರಕ್ತ.

ತುಮಕೂರಿನ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಐದು ದಿನದ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಮೂತ್ರ ಪರೀಕ್ಷೆ ಮಾಡಲಿಲ್ಲ, ಮಾಡಿಸಿ ಅಂತ ನಾನೂ ಕೇಳಲಿಲ್ಲ. ಮೂರೇ ದಿನಕ್ಕೆ ಸರಿಹೋದಳು. ಎರಡು ವಾರ ಕಳೆದ ಮೇಲೆ ಮತ್ತೆ ಅದೇ ಗುಲಾಬಿ ಹನಿ. ಮತ್ತೆ ಅದೇ ಮಾತ್ರೆ. ಮೂರನೇ ಸಲ ಶುರುವಾದಾಗ ಬೆಂಗಳೂರಿಗೆ ಹೊರಟೆವು.

ಅಲ್ಲಿ ಹೊಟ್ಟೆಯ ಎಕ್ಸ್‌ರೇ ತೆಗೆದರು, ಸ್ಕ್ಯಾನಿಂಗ್ ಮಾಡಿದರು. ಮೂತ್ರಕೋಶದಲ್ಲಿ ಎರಡು ಕಲ್ಲು. ದೊಡ್ಡದು ಕಡಲೆಕಾಳಿನಷ್ಟಿತ್ತು. ಸ್ಕ್ಯಾನಿಂಗ್ ನೋಡುತ್ತಲೇ ಸೂಜಿ ಹಾಕಿ ಮೂತ್ರಕೋಶದಿಂದ ನೇರವಾಗಿ ಮೂತ್ರ ತೆಗೆದು, ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿದರು. ನೆಲದಿಂದ ಎತ್ತಿದ ಮೂತ್ರದಲ್ಲಿ ಹೊರಗಿನ ಬ್ಯಾಕ್ಟೀರಿಯಾ ಸೇರಿರುತ್ತದೆ, ಕಲ್ಚರ್‌ಗೆ ಅದು ನಡೆಯುವುದಿಲ್ಲ. ಮೂರು ದಿನದಲ್ಲಿ ರಿಪೋರ್ಟ್ ಬಂತು. ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಮೂತ್ರದ ಪಿಎಚ್ (ಆಮ್ಲ, ಕ್ಷಾರದ ಅಳತೆ) 8. ಸಾಮಾನ್ಯವಾಗಿ ನಾಯಿಯ ಮೂತ್ರ 6ರಿಂದ 7ರ ಆಸುಪಾಸಿನಲ್ಲಿರುತ್ತದೆ.

ಡಾಕ್ಟರ್ ಒಂದು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಈ ಬ್ಯಾಕ್ಟೀರಿಯಾ ಮೂತ್ರದಲ್ಲಿರುವ ಯೂರಿಯಾವನ್ನು ಒಡೆಯುತ್ತದೆ. ಆಗ ಅಮೋನಿಯಾ ಬರುತ್ತದೆ, ಮೂತ್ರ ಕ್ಷಾರವಾಗುತ್ತದೆ. ಅಮೋನಿಯಂ, ಮೆಗ್ನೀಸಿಯಂ, ಫಾಸ್ಫೇಟ್ ಮೂರೂ ಸೇರಿ ಹರಳುಗಟ್ಟುತ್ತವೆ. ಅದೇ ಸ್ಟ್ರುವೈಟ್ ಕಲ್ಲು. ಹೆಣ್ಣು ನಾಯಿಗಳಲ್ಲಿ ಇದು ಜಾಸ್ತಿ. ಕಲ್ಲಿನ ಸಂದಿಯಲ್ಲೂ ಬ್ಯಾಕ್ಟೀರಿಯಾ ಅಡಗಿ ಕೂತಿರುತ್ತದೆ. ಅದಕ್ಕೇ ಐದು ದಿನದ ಮಾತ್ರೆಗೆ ಸೋಂಕು ಹೋದಂತೆ ಕಂಡು ಮತ್ತೆ ಮತ್ತೆ ಬರುತ್ತಿತ್ತು. ಸಮಾಧಾನದ ವಿಷಯ ಅಂದರೆ, ಈ ಜಾತಿಯ ಕಲ್ಲನ್ನು ಆಪರೇಷನ್ ಇಲ್ಲದೆ ಕರಗಿಸಬಹುದು. ಸರಿಯಾದ ಆ್ಯಂಟಿಬಯಾಟಿಕ್ ಬೇಕು, ಜೊತೆಗೆ ಕಲ್ಲು ಕರಗಿಸಲೆಂದೇ ಮಾಡಿದ ಪಥ್ಯದ ಆಹಾರ ಬೇಕು. ಆ ಆಹಾರದಲ್ಲಿ ಪ್ರೋಟೀನ್, ಮೆಗ್ನೀಸಿಯಂ, ರಂಜಕ (ಫಾಸ್ಫರಸ್) ಅಳತೆಯಲ್ಲಿರುತ್ತವೆ. ಅದು ಮೂತ್ರವನ್ನು ಸ್ವಲ್ಪ ಆಮ್ಲದ ಕಡೆಗೆ ತರುತ್ತದೆ, ನಾಯಿ ಜಾಸ್ತಿ ನೀರು ಕುಡಿಯುವ ಹಾಗೂ ಮಾಡುತ್ತದೆ.

ಹೊರಡುವಾಗ ಡಾಕ್ಟರ್ ಒಂದು ಮಾತು ಹೇಳಿದರು. "ಇದನ್ನು ಮಾತ್ರ ತಿನ್ನಬೇಕು. ಬೇರೆ ಒಂದು ಚೂರು ಕೊಟ್ಟರೂ ಲೆಕ್ಕ ತಪ್ಪುತ್ತೆ." ಹೂಂ ಅಂದು ಬಂದೆ. ಕಷ್ಟದ ಕೆಲಸ ಅದೇ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು.

ನಮ್ಮ ಮನೆಯಲ್ಲಿ ಐದು ಜನ. ಮೊದಲು ಒಂದು ದಿನ ನೋಟ್‌ಬುಕ್ ಇಟ್ಟು, ಬೆಳ್ಳಿಗೆ ಯಾರು ಏನು ಕೊಡುತ್ತಿದ್ದೆವು ಅಂತ ಎಲ್ಲರನ್ನೂ ಕೇಳಿ ಬರೆದೆ. ಬೆಳಿಗ್ಗೆ ಅತ್ತೆಯ ಕಾಫಿ ಜೊತೆ ನಾಲ್ಕು ಗ್ಲೂಕೋಸ್ ಬಿಸ್ಕತ್ತು, ಸಂಜೆ ಮಾವನ ಕೈಯಿಂದ ಇನ್ನು ನಾಲ್ಕು. ಮಧ್ಯಾಹ್ನ ಹಾಲು ಕಲಸಿದ ರಾಗಿ ಮುದ್ದೆ. ಮಗಳು ಸ್ಕೂಲಿಂದ ಬಂದಾಗ ಒಂದು ಚೀಸ್ ತುಂಡು. ರಾತ್ರಿ ಯಜಮಾನರ ತಟ್ಟೆಯಿಂದ ಚಪಾತಿ ಅಂಚು. ಭಾನುವಾರ ಕೋಳಿಯ ಲಿವರ್. ನಾನು ಅಂಗಡಿಯಿಂದ ತರುತ್ತಿದ್ದ ಒಣ ಚಿಕನ್ ಕಡ್ಡಿ ದಿನಕ್ಕೆರಡು. ಆ ಪುಟ ನೋಡಿ ಸುಮ್ನೆ ಕೂತುಬಿಟ್ಟೆ.

ಲೆಕ್ಕ ಹಾಕಿದೆ. ಬೆಳ್ಳಿಯಷ್ಟು ದೊಡ್ಡ, ಮನೆಯಲ್ಲೇ ಇರುವ ನಾಯಿಗೆ ದಿನಕ್ಕೆ ಸುಮಾರು 650 ಕ್ಯಾಲೊರಿ ಸಾಕು. ಊಟದ ಹೊರತಾದ ತಿಂಡಿಯೆಲ್ಲ ಸೇರಿ ಅದರಲ್ಲಿ ಹತ್ತನೇ ಒಂದು ಭಾಗ ದಾಟಬಾರದು. ಅಂದರೆ 65 ಕ್ಯಾಲೊರಿ. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು 20 ಕ್ಯಾಲೊರಿ ಇರುತ್ತದೆ. ಎಂಟು ಬಿಸ್ಕತ್ತಿಗೇ 160 ಆಯಿತು. ಚೀಸ್, ಲಿವರ್, ಚಿಕನ್ ಕಡ್ಡಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕಲ್ಲಿಗೆ ಬೇಕಾದ ಸಾಮಾನು ಕಡಿಮೆಯಾಗಲಿ ಅಂತ ಪಥ್ಯದ ಆಹಾರ ತಂದು, ಅದೇ ಸಾಮಾನನ್ನು ಇನ್ನೊಂದು ಕೈಯಿಂದ ಕೊಟ್ಟರೆ ಏನು ಬಂತು?

ರಾಗಿಯ ಬಗ್ಗೆ ಅತ್ತೆಗೆ ಬೇಜಾರಾಯಿತು. ನಮ್ಮ ಕಡೆ ನಾಯಿ ಅಂದರೆ ರಾಗಿ ಮುದ್ದೆಯೇ ಅಲ್ವಾ. "ನಮ್ಮಪ್ಪನ ಮನೇಲಿ ಹದಿನೈದು ವರ್ಷ ಬದುಕಿದ ನಾಯಿ ಕಣಮ್ಮ, ಮುದ್ದೆ ಬಿಟ್ಟು ಬೇರೇನೂ ಕಂಡಿರಲಿಲ್ಲ" ಅಂದರು. ಅವರ ಮಾತು ಸುಳ್ಳಲ್ಲ. ರಾಗಿ ವಿಷ ಅಂತ ನಾನೂ ಹೇಳುವುದಿಲ್ಲ. ಆದರೆ ರಾಗಿಯಲ್ಲಿ ಮೆಗ್ನೀಸಿಯಂ, ರಂಜಕ ಚೆನ್ನಾಗಿವೆ. ಮೇಲೆ ಹಾಲು ಬೇರೆ. ಕಲ್ಲು ಕರಗುವವರೆಗೆ ಬೇಡ ಅಂದೆ.

"ಸರಿ. ಆದ್ರೆ ಕೈಯಾರೆ ಏನೂ ಕೊಡ್ದೆ ಹೆಂಗಿರೋದು? ಕಾಫಿ ಲೋಟ ಎತ್ತಿದ ತಕ್ಷಣ ಬಂದು ಮಂಡಿ ಮೇಲೆ ಕಾಲಿಡ್ತಾಳೆ."

ಅತ್ತೆಯ ಆ ಮಾತಿನಿಂದಲೇ ನನಗೆ ದಾರಿ ಸಿಕ್ಕಿತು. ಬೆಳ್ಳಿಗೆ ಬೇಕಾಗಿದ್ದು ಆ ಕೈ, ಬಿಸ್ಕತ್ತೇ ಆಗಬೇಕು ಅಂತೇನಿರಲಿಲ್ಲ. ಸ್ಟೀಲಿನ ಒಂದು ಸಣ್ಣ ಡಬ್ಬಿ ತೆಗೆದೆ. ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ಅವಳ ಇಡೀ ದಿನದ ಪಥ್ಯದ ಆಹಾರ, ಅಂದರೆ ಒಣ ಕಾಳು, 160 ಗ್ರಾಂ ತೂಗುತ್ತೇನೆ. 130 ಗ್ರಾಂ ಎರಡು ಹೊತ್ತಿನ ಊಟಕ್ಕೆ. ಉಳಿದ 30 ಗ್ರಾಂ ಆ ಡಬ್ಬಿಗೆ. ಯಾರು ಏನು ಕೊಡಬೇಕೆಂದರೂ ಡಬ್ಬಿಯಿಂದಲೇ ಕೊಡಬೇಕು. ಡಬ್ಬಿ ಖಾಲಿಯಾದರೆ ಆವತ್ತಿಗೆ ಮುಗಿಯಿತು.

ಮೊದಲ ದಿನ ಅತ್ತೆ ಡಬ್ಬಿಯಿಂದ ಒಂದೇ ಒಂದು ಕಾಳು ತೆಗೆದು ಅಂಗೈ ಮೇಲಿಟ್ಟು ಹಿಡಿದರು. ಬೆಳ್ಳಿ ಮೂಸಿದಳು. ಅತ್ತೆಯ ಮುಖ ನೋಡಿದಳು. ಆಮೇಲೆ ತುದಿ ನಾಲಿಗೆಯಿಂದ ಅದನ್ನು ಎಳೆದುಕೊಂಡು ಕಟಕ್ ಅಂತ ಕಡಿದು, ಮತ್ತೆ ಮಂಡಿ ಮೇಲೆ ಕಾಲಿಟ್ಟಳು. ಬಿಸ್ಕತ್ತಿಗೆ ಆಡಿಸುತ್ತಿದ್ದ ಹಾಗೇ ಬಾಲ ಆಡಿಸುತ್ತಿದ್ದಳು. ಅತ್ತೆ ನನ್ನ ಕಡೆ ನೋಡಿ ನಕ್ಕರು. ಆವತ್ತಿನಿಂದ ಡಬ್ಬಿಯ ಯಜಮಾನಿಕೆ ಅವರದೇ. ಎದುರು ಮನೆಯ ಹುಡುಗನಿಗೂ ಅವರೇ ಹೇಳಿ, ಬೋಂಡಾ ಎಸೆಯುವುದನ್ನು ನಿಲ್ಲಿಸಿದರು.

ಒಂದೇ ರುಚಿ ಬೇಜಾರಾಗಬಾರದು ಅಂತ ಇನ್ನೊಂದು ಉಪಾಯ ಮಾಡಿದೆ. ಅದೇ ಪಥ್ಯದ ಆಹಾರ ಟಿನ್ನಿನಲ್ಲಿ ಮೆತ್ತಗೆ, ಬೇಯಿಸಿದ ಹಿಟ್ಟಿನ ಉಂಡೆಯ ಹಾಗೆ ಬರುತ್ತದೆ. ಅದನ್ನು ಅರ್ಧ ಬೆರಳಿನ ದಪ್ಪಕ್ಕೆ ಕುಯ್ದು, ದಪ್ಪ ತಳದ ಕಾವಲಿಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಎರಡೂ ಕಡೆ ಒಣಗಿಸಿದರೆ ಬಿಲ್ಲೆಯಾಗುತ್ತದೆ. ಬೆಳ್ಳಿಗೆ ಅದು ಪ್ರಾಣ. ಬಿಲ್ಲೆ ಕೊಟ್ಟ ದಿನ ಅಷ್ಟಕ್ಕೆ ಸರಿಯಾಗಿ ಒಣ ಆಹಾರ ಕಡಿಮೆ ಮಾಡುತ್ತೇನೆ.

ಈ ನಡುವೆ ಸಲಹೆಗಳಿಗೆ ಬರವಿರಲಿಲ್ಲ. ಮನುಷ್ಯರ ಕಲ್ಲಿಗೆ ಕೊಡುವ ಬಾಳೆದಿಂಡಿನ ರಸ ಕುಡಿಸಿ ಅಂದರು ಒಬ್ಬರು. ಹುರುಳಿ ಕಟ್ಟು ಕೊಡಿ ಅಂದರು ಇನ್ನೊಬ್ಬರು. ಸೇಬಿನ ವಿನಿಗರ್ ಹಾಕಿ, ಕ್ರ್ಯಾನ್‌ಬೆರಿ ಮಾತ್ರೆ ತರಿಸಿ, ಹೀಗೆ ನಾನಾ ಥರ. ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಒಂದೊಂದನ್ನೂ ಬರೆದುಕೊಂಡು ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದೆ. ಎಲ್ಲದಕ್ಕೂ ಬೇಡ ಅಂದರು. ಬ್ಯಾಕ್ಟೀರಿಯಾದಿಂದ ಬಂದ ಕಲ್ಲಿಗೆ ದಿಂಡು, ಹುರುಳಿ ಮದ್ದಲ್ಲ. ಆಹಾರವೇ ಮೂತ್ರವನ್ನು ಆಮ್ಲದ ಕಡೆ ತರುತ್ತಿರುವಾಗ ಮೇಲೆ ವಿನಿಗರ್ ಹಾಕಿದರೆ ಅದು ಅತಿಯಾಗಬಹುದು. ಕ್ರ್ಯಾನ್‌ಬೆರಿ ನಾಯಿಗಳ ಸೋಂಕು ತಡೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂದರು.

ಆದರೆ ನೀರಿನ ವಿಷಯದಲ್ಲಿ ಮಾತ್ರ ಎಷ್ಟು ಮಾಡಿದರೂ ಕಡಿಮೆಯೇ ಅಂದರು. ಮೂತ್ರ ಎಷ್ಟು ತೆಳ್ಳಗಿದ್ದರೆ ಹರಳು ಕಟ್ಟುವುದು ಅಷ್ಟು ಕಷ್ಟ. ಅದನ್ನು ಅಳೆಯಲು ಸ್ಪೆಸಿಫಿಕ್ ಗ್ರ್ಯಾವಿಟಿ ಅಂತ ನೋಡುತ್ತಾರೆ. ಬೆಳ್ಳಿಯದು ಶುರುವಿನಲ್ಲಿ 1.045 ಇತ್ತು, ಅಂದರೆ ಗಟ್ಟಿ. 1.020ಕ್ಕಿಂತ ಕೆಳಗೆ ತರಬೇಕು ಅನ್ನುವುದು ನಮ್ಮ ಗುರಿ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 50ರಿಂದ 60 ಮಿಲಿಲೀಟರ್ ನೀರು ಬೇಕು. ಬೆಳ್ಳಿಗೆ ಅದು 600ರಿಂದ 720 ಮಿಲಿಲೀಟರ್. ಬೆಳಿಗ್ಗೆ ಬಟ್ಟಲುಗಳಿಗೆ ಅಳೆದು ಹಾಕಿ, ರಾತ್ರಿ ಉಳಿದದ್ದನ್ನು ಅಳೆದೆ. ಕುಡಿದದ್ದು 350 ಮಾತ್ರ. ಒಣ ಆಹಾರದಲ್ಲಿ ನೀರು ನೂರಕ್ಕೆ ಹತ್ತು ಭಾಗ ಅಷ್ಟೇ ಇರುತ್ತದೆ. ಬಾಯಾರಿದಾಗ ಕುಡಿಯುತ್ತಾಳೆ ಬಿಡು ಅಂತ ಬಿಟ್ಟಿದ್ದರೆ ಆಗುತ್ತಿರಲಿಲ್ಲ.

ಅದಕ್ಕೆ ಊಟದ ಕಾಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ನೀರು ಬಸಿಯದೆ ಹಾಗೇ ಇಡಲು ಶುರುಮಾಡಿದೆ. ಒಂದೊಂದು ಊಟಕ್ಕೆ 150 ಮಿಲಿಲೀಟರ್. ಮೊದಲ ಎರಡು ದಿನ ಮುಖ ತಿರುಗಿಸಿದಳು. ಮೂರು ಚಮಚದಿಂದ ಆರಂಭಿಸಿ ದಿನದಿನಕ್ಕೆ ಜಾಸ್ತಿ ಮಾಡಿದಾಗ ಒಗ್ಗಿಕೊಂಡಳು. ಒಂದೇ ಕಡೆ ಇದ್ದ ಬಟ್ಟಲು ಮೂರಾಯಿತು. ಹಿತ್ತಲಲ್ಲಿಟ್ಟ ಮಣ್ಣಿನ ಬೋಗುಣಿ ಅವಳಿಗೆ ಬಲು ಇಷ್ಟ, ನೀರು ತಣ್ಣಗಿರುತ್ತದೆ. ಏಪ್ರಿಲ್ ಬಿಸಿಲಿಗೆ ಎರಡು ಕಾಳು ಹಾಕಿ ಐಸ್ ಟ್ರೇಯಲ್ಲಿ ನೀರು ಗಟ್ಟಿ ಮಾಡಿಕೊಟ್ಟೆ. ಅದನ್ನು ನೆಕ್ಕುತ್ತಾ ಕಾಲು ಗಂಟೆ ಕೂರುತ್ತಾಳೆ. ಕುಡಿದ ನೀರು ಹೊರಗೂ ಹೋಗಬೇಕಲ್ಲ, ರಾತ್ರಿ ಹತ್ತೂವರೆಗೆ ಇನ್ನೊಂದು ಸುತ್ತು ಹೊರಗೆ ಕರೆದುಕೊಂಡು ಹೋಗುತ್ತೇವೆ. ಮೊದಲು ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಅವಳು ಕಟ್ಟಿಕೊಂಡೇ ಇರುತ್ತಿದ್ದಳು. ಪಾಪ, ನಮಗೆ ಹೊಳೆದೇ ಇರಲಿಲ್ಲ.

ಮಾಮೂಲಿ ಮೂತ್ರ ಪರೀಕ್ಷೆಗೆ (ಕಲ್ಚರಿಗಲ್ಲ) ಮನೆಯಲ್ಲಿ ಮೂತ್ರ ಹಿಡಿಯುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಉದ್ದ ಹಿಡಿಯ ಹಳೇ ಸೌಟು ಸಾಕು. ಬಿಸಿನೀರಲ್ಲಿ ತೊಳೆದು ಒಣಗಿಸಿ, ಬೆಳಗಿನ ಮೊದಲ ಸಲ ಅವಳು ಕೂತು ಧಾರೆ ಶುರುವಾದ ಮೇಲೆ ಹಿಂದಿನಿಂದ ಮೆಲ್ಲಗೆ ಒಡ್ಡಬೇಕು. ಮುಂಚೆಯೇ ಒಡ್ಡಿದರೆ ಎದ್ದುಬಿಡುತ್ತಾಳೆ. ಶುದ್ಧ ಬಾಟಲಿಗೆ ಹಾಕಿ ಅರ್ಧ ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿದರೆ ಒಳ್ಳೆಯದು. ಫ್ರಿಜ್ಜಿನಲ್ಲಿಟ್ಟರೆ ಇಲ್ಲದ ಹರಳೂ ಕಟ್ಟಿಕೊಂಡು ರಿಪೋರ್ಟ್ ದಾರಿ ತಪ್ಪಿಸುತ್ತದೆ.

ನಾಲ್ಕು ವಾರಕ್ಕೆ ಎಕ್ಸ್‌ರೇಯಲ್ಲಿ ಸಣ್ಣ ಕಲ್ಲು ಕಾಣಲಿಲ್ಲ, ದೊಡ್ಡದು ಮೆಣಸಿನಕಾಳಿನಷ್ಟಾಗಿತ್ತು. ಹತ್ತನೇ ವಾರಕ್ಕೆ ಅದೂ ಇಲ್ಲ. ಗ್ರ್ಯಾವಿಟಿ 1.018. ಅಲ್ಲಿಯವರೆಗೆ ಒಂದು ದಿನವೂ ಆ್ಯಂಟಿಬಯಾಟಿಕ್ ತಪ್ಪಿಸಲಿಲ್ಲ. ಕಲ್ಲು ಕರಗುವಾಗ ಒಳಗಿದ್ದ ಬ್ಯಾಕ್ಟೀರಿಯಾ ಹೊರಬರುತ್ತಲೇ ಇರುತ್ತದೆ, ಆಹಾರ ಒಂದರಿಂದಲೇ ಕೆಲಸ ಆಗುವುದಿಲ್ಲ.

ಸೋಂಕಿನಿಂದ ಬಂದ ಕಲ್ಲಾದ್ದರಿಂದ ಕರಗಿಸುವ ಪಥ್ಯ ಜೀವನಪೂರ್ತಿ ಬೇಕಾಗಲಿಲ್ಲ. ಡಾಕ್ಟರ್ ಹೇಳಿದ ಮೇಲೆ ಹತ್ತು ದಿನಗಳಲ್ಲಿ ನಿಧಾನವಾಗಿ ಸಾಮಾನ್ಯ ಆಹಾರಕ್ಕೆ ಬಂದೆವು. ನೆನೆಸುವುದು, ಡಬ್ಬಿ, ರಾತ್ರಿಯ ಸುತ್ತು ಹಾಗೇ ಉಳಿದಿವೆ. ಈಗ ಡಬ್ಬಿಗೆ ತರಕಾರಿಯೂ ಬಂದಿದೆ. ಸೌತೆಕಾಯಿ ಹೋಳು, ಉಪ್ಪಿಲ್ಲದೆ ಬೇಯಿಸಿದ ಸೀಮೆಬದನೆ, ಸೋರೆಕಾಯಿ, ಬೀಜ ತೆಗೆದ ಕಲ್ಲಂಗಡಿ. 100 ಗ್ರಾಂ ಸೌತೆಕಾಯಿಯಲ್ಲಿ 15 ಕ್ಯಾಲೊರಿ ಆದರೆ ಹೆಚ್ಚು, ಉಳಿದದ್ದೆಲ್ಲ ನೀರೇ. ವಾರಕ್ಕೊಮ್ಮೆ ನಿಂಬೆಹಣ್ಣಿನ ಗಾತ್ರದ ಮುದ್ದೆಗೂ ಒಪ್ಪಿಗೆ ಸಿಕ್ಕಿತು, ಅದು ಅತ್ತೆಯ ಕೈಯಿಂದಲೇ. ಅಂಗಡಿಯ ಚಿಕನ್ ಕಡ್ಡಿ ಮತ್ತೆ ತಂದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಯಾವ ನಾಯಿಗೂ ಕೂಡದು.

ಆದರೆ ನನ್ನ ಈ ಪಟ್ಟಿಯನ್ನು ಯಾರೂ ಹಾಗೇ ನಕಲು ಮಾಡಬೇಡಿ. ಗೆಳತಿಯೊಬ್ಬಳ ಶಿಟ್ಜು ಜಾತಿಯ ಗಂಡು ನಾಯಿಗೆ ಬಂದದ್ದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಅದು ಯಾವ ಆಹಾರಕ್ಕೂ ಕರಗುವುದಿಲ್ಲ, ಆಪರೇಷನ್ ಮಾಡಿಯೇ ತೆಗೆದರು. ಅವನಿಗೆ ಆಮ್ಲದ ಮೂತ್ರವೇ ತೊಂದರೆ. ಪಾಲಕ್, ಗೆಣಸು, ಬೀಟ್‌ರೂಟ್, ಕಡಲೆಬೀಜ, ವಿಟಮಿನ್ ಸಿ ಮಾತ್ರೆ ಎಲ್ಲ ದೂರ. ಡಾಲ್ಮೇಷಿಯನ್ ಜಾತಿಗೆ ಬರುವ ಯೂರೇಟ್ ಕಲ್ಲಿನ ಕತೆಯೇ ಬೇರೆ, ಅಲ್ಲಿ ಮೊದಲು ನಿಲ್ಲಿಸಬೇಕಾದದ್ದು ಲಿವರ್. ಕಲ್ಲು ಯಾವುದು ಅಂತ ಗೊತ್ತಾಗದೆ ಪಥ್ಯ ಶುರುಮಾಡಬಾರದು. ಮೇದೋಜೀರಕ ಗ್ರಂಥಿಯ ತೊಂದರೆ ಇರುವ ನಾಯಿಗೆ, ಬೆಳೆಯುವ ಮರಿಗೆ, ಗಬ್ಬದ ನಾಯಿಗೆ ಕರಗಿಸುವ ಆಹಾರ ಆಗುವುದಿಲ್ಲ. ಗಂಡು ನಾಯಿಯ ಮೂತ್ರನಾಳ ಕಿರಿದು. ತಿಣುಕುತ್ತಿದ್ದಾನೆ, ಹನಿಯೂ ಬರುತ್ತಿಲ್ಲ ಅಂದರೆ ಕಲ್ಲು ಸಿಕ್ಕಿಕೊಂಡಿರಬಹುದು. ಆಗ ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಓಡಿ.

ಬೆಳ್ಳಿಗೆ ಈಗ ಮೂರು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ. ಮುಂದಿನದು ಬರುವ ಸೋಮವಾರ. ಅತ್ತೆ ಆಗಲೇ ಸೌಟು ತೊಳೆದು ಬಿಸಿಲಿಗಿಟ್ಟಿದ್ದಾರೆ.